ಮಾವನ ಗೂಳಿ

"ಬಿದ್ರೆ ಒಳ್ಳೇದೋ, ಕೂತ್ರೆ ಒಳ್ಳೇದೋ?"

ಜೊಸಿಮಾರ್ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಅನ್ನ, ಕಪ್ಪು ಬೀನ್ಸು ತುಂಬಿದ ತಟ್ಟೆ ಮಾತ್ರ. ಅದೂ ಆರಿ ಹೋಗಿತ್ತು.

ಗೂಳಿ ಸವಾರರ ತಂಡದ ಜೊತೆ ಊರಿಂದೂರಿಗೆ ತಿರುಗಿ, ಬ್ರೆಜಿಲಿನ ಅರ್ಧ ಮಣ್ಣಿನ ರುಚಿ ನೋಡಿದ್ದವನು ಅವನು. ಬೀಳುವುದು ಅವನಿಗೆ ಹೊಸದಲ್ಲ. ಆದರೆ ಆ ಬೆಳಿಗ್ಗೆ ಚೀಟಿ ಎತ್ತಿದಾಗ ಅವನ ಪಾಲಿಗೆ ಬಂದದ್ದು 'ವಕೀಲ'. ಹತ್ತಿದವರನ್ನೆಲ್ಲ ಬರಿಗೈಯಲ್ಲಿ ಇಳಿಸಿ ಕಳಿಸುವ ಗೂಳಿಯಾದ್ದರಿಂದ ಅದಕ್ಕೆ ಆ ಹೆಸರು. ಅದರ ಒಡೆಯ ಗುಮೆರ್ಸಿಂದೊ. ಗುಮೆರ್ಸಿಂದೊನ ಮಗಳು ಲುಸಿಲೇನಿ. ಜೊಸಿಮಾರನ ಜೀವವೆಲ್ಲ ಆ ಲುಸಿಲೇನಿಯಲ್ಲಿ.

ಹೋದ ವರ್ಷ ಸಂತ ಜುವಾಂವ್ ಹಬ್ಬದ ಬೆಂಕಿಯ ಮುಂದೆ ಹೆಣ್ಣು ಕೇಳಿದಾಗ ಗುಮೆರ್ಸಿಂದೊ, "ಗೂಳಿ ಮೇಲೆ ಎಂಟು ಸೆಕೆಂಡು ಕೂರಕ್ಕಾಗ್ದೋನಿಗೆ ಮಗಳನ್ನ ಕೊಡಲ್ಲ ಕಣಯ್ಯ" ಎಂದಿದ್ದ. ಇವತ್ತು ಚೀಟಿ ನೋಡಿದವನೇ ಮೀಸೆ ತಿರುವಿ, "ನನ್ನ ವಕೀಲನ ಬೆನ್ನ ಮೇಲೆ ಇದುವರ್ಗೂ ಯಾವನೂ ಎಂಟು ಸೆಕೆಂಡು ಕೂತಿಲ್ಲ. ಅವನ ಮಾನ ಕಳೆದೋನು ನನ್ನ ಹೊಸ್ತಿಲು ತುಳೀಬಾರ್ದು" ಎಂದುಬಿಟ್ಟ.

ಕೂತರೆ ಹೊಸ್ತಿಲಿಲ್ಲ, ಬಿದ್ದರೆ ಹೆಣ್ಣಿಲ್ಲ. ಜೊಸಿಮಾರನ ತಲೆ ಎರಡು ಕಡೆಯಿಂದ ಜಗ್ಗಿದ ಹಗ್ಗದ ಗಂಟಿನಂತಾಯಿತು.

ಬುದ್ಧಿ ಹೇಳುವವರಿಗೆ ಬರವಿರಲಿಲ್ಲ. ಒಂದೇ ಗಾಡಿಯಲ್ಲಿ ಅವನ ಜೊತೆ ತಿರುಗುತ್ತಿದ್ದ ಸವಾರರು ಇಬ್ಬರು.

"ಕೂತ್ಕೊಳ್ಳೋ," ಎಂದ ಎಡೆವಾಲ್ಡೊ. "ಗೆದ್ದೋನಿಗೆ ಯಾವ ಮಾವನೂ ಬಾಗ್ಲು ಹಾಕಲ್ಲ."

"ಲೇ, ಅವನ್ನ ಕೆಡಿಸ್ಬೇಡ," ಎಂದ ವಾಂಡೆರ್ಲೇ. "ಆ ಮುದುಕನಿಗೆ ಹೆಂಡತಿಗಿಂತ ಗೂಳಿ ಹೆಚ್ಚು. ಮರ್ಯಾದೆಯಾಗಿ ಬಿದ್ಬಿಡು. ಬೀಳೋದು ನಿನಗೆ ಕಷ್ಟವೇನಲ್ವಲ್ಲ."

ಸಂಜೆ ಸವಾರರೆಲ್ಲ ಕಣದಲ್ಲಿ ಮಂಡಿಯೂರಿ ಮಾತೆ ಅಪರೆಸೀದಾಳ ಮೂರ್ತಿಯ ಮುಂದೆ ಟೋಪಿ ತೆಗೆದರು. ಎಲ್ಲರೂ ಒಂದೊಂದು ಬೇಡಿಕೊಂಡರು. ಜೊಸಿಮಾರನಿಗೆ ಏನು ಬೇಡಬೇಕೆಂದೇ ತಿಳಿಯಲಿಲ್ಲ. "ತಾಯೀ, ನನಗೆ ಯಾವ್ದು ಬೇಕು ಅಂತ ನಿನಗಾದ್ರೂ ಗೊತ್ತಿದ್ರೆ, ಅದನ್ನೇ ಕೊಡು" ಎಂದು ಎದ್ದ.

ಗೂಳಿಯನ್ನು ಕೂಡಿಹಾಕಿದ್ದ ಕಬ್ಬಿಣದ ಗೂಡಿನೊಳಗೆ ವಕೀಲನ ಬೆನ್ನ ಮೇಲೆ ಇಳಿಯುವಷ್ಟರಲ್ಲಿ ಒಂದು ತೀರ್ಮಾನಕ್ಕೆ ಬಂದ: ಬೀಳುವುದೇ ಸರಿ. ಮುದುಕನ ಕೋಪ ಇಳಿದ ಮೇಲೆ ಬೇರೆ ಗೂಳಿ ಹತ್ತಿ ತೋರಿಸಿದರಾಯಿತು. ಲುಸಿಲೇನಿ ಗೂಡಿನ ಕಂಬಿಯ ಮೇಲೆ ನಿಂತು ಗೂಳಿಯ ಸೊಂಟದ ಹಗ್ಗ ಹಿಡಿದಿದ್ದಳು. ಅವನತ್ತ ನೋಡಲಿಲ್ಲ. ಅವಳ ಕಣ್ಣೆಲ್ಲ ಕೆಲಸದ ಮೇಲಿತ್ತು.

ಕಣದ ಮಧ್ಯದಿಂದ ಉದ್ಘೋಷಕ ಪದ್ಯ ಎತ್ತಿದ:

"ಮಾವನ ಗೂಳಿಯ ಬೆನ್ನನ್ನೇರಿದ ಮದುಮಗನ ನೋಡಿರಣ್ಣ,
ಬಿದ್ದರೆ ಮಣ್ಣು, ಕೂತರೆ ಹೆಣ್ಣು, ತಾಯಿಯ ಬೇಡಿರಣ್ಣ!"

ಜನ ಹೋ ಎಂದಿತು. ಜೊಸಿಮಾರನ ಕಿವಿ ಕೆಂಪಗಾಯಿತು. ಅಷ್ಟರಲ್ಲಿ ಎಡೆವಾಲ್ಡೊ ಬಗ್ಗಿ ಅವನ ಕೈಗವಸಿಗೆ, ಹಿಡಿತ ಜಾರದಿರಲೆಂದು, ರಾಳ ಬಳಿಯತೊಡಗಿದ. ಒಂದು ಹಿಡಿ ಸಾಕಾಗುವಲ್ಲಿ ಮೂರು ಹಿಡಿ. ಅವನ ಕೈಗೆ ಸುತ್ತಿದ ಹಗ್ಗವನ್ನೂ ಬಾವಿಯಿಂದ ಎಮ್ಮೆ ಎಳೆಯುವವನಂತೆ ಜಗ್ಗಿ ಬಿಗಿದ.

"ಸಾಕು ಬಿಡೋ," ಎಂದ ಜೊಸಿಮಾರ್.

"ನಿನ್ನ ಒಳ್ಳೇದಕ್ಕೇ ಕಣೋ. ಬಿಗಿಯಾಯ್ತಾ?"

ಜೊಸಿಮಾರ್ ಹೌದೆಂದು ತಲೆಯಾಡಿಸಿದ. ಗೂಡಿನಲ್ಲಿ ಕೂತವನು ತಲೆಯಾಡಿಸಿದರೆ ಬಾಗಿಲು ತೆಗೆಯಬೇಕು. ತೆಗೆದರು.

ವಕೀಲ ಒಲೆಯಿಂದ ಸಿಡಿದ ಕೆಂಡದಂತೆ ಹಾರಿದ. ಜೊಸಿಮಾರ್ ತಕ್ಷಣ ಬೆರಳು ಬಿಚ್ಚಿದ. ಕೈ ಬರಲಿಲ್ಲ. ರಾಳ ಅವನನ್ನು ಹಲಸಿನ ಮೇಣದಂತೆ ಹಿಡಿದಿತ್ತು. ಎಡಕ್ಕೆ ಬೀಳಲು ವಾಲಿದ. ಗೂಳಿಯೂ ಎಡಕ್ಕೇ ತಿರುಗಿ ಅವನನ್ನು ಮೇಲೆತ್ತಿತು. ಬಲಕ್ಕೆ ವಾಲಿದ; ಅದೂ ಬಲಕ್ಕೆ ತಿರುಗಿತು. ಇಷ್ಟು ವರ್ಷ ಬೀಳಬಾರದೆಂದಾಗ ಉರುಳಿದವನು, ಬೀಳಬೇಕೆಂದಾಗ ಕಂಭದಂತೆ ಕೂತ. "ಬಿಡೋ ಮಾರಾಯ" ಎಂದು ಗೂಳಿಗೆ ಕೈ ಮುಗಿಯೋಣವೆಂದರೆ ಒಂದು ಕೈ ಹಗ್ಗಕ್ಕೇ ಅಂಟಿತ್ತು.

ಎಂಟು ಸೆಕೆಂಡಿನ ಗಂಟೆ ಹೊಡೆಯಿತು. ಆಗ ಕೈ ಕಿತ್ತು ಬಂತು. ಮಣ್ಣಿಗೆ ಬಿದ್ದ.

ಎದ್ದಾಗ ಎದುರಿಗೆ ಗುಮೆರ್ಸಿಂದೊ. ಕಣ್ಣು ಕೆಂಪು. ಜೊಸಿಮಾರ್ ಟೋಪಿಯನ್ನು ಎದೆಗೆ ಅವುಚಿಕೊಂಡು, "ಯಜಮಾನ್ರೇ, ನಾನು ಬೇಕು ಅಂತ..." ಎಂದು ತೊದಲಿದ.

ಮುದುಕ ಅವನನ್ನು ಬಾಚಿ ತಬ್ಬಿಕೊಂಡ. "ಹೊರಗಿನೋನು ಗೆದ್ದಿದ್ರೆ ನನಗೆ ಅವಮಾನ ಆಗ್ತಿತ್ತು ಕಣಪ್ಪ. ಅಳಿಯ ಗೆದ್ರೆ ಮನೆ ವಿಷಯ. ಈಗ್ಲೇ ಹೋಗಿ ಅವಳನ್ನ ಕೇಳು."

ಜೊಸಿಮಾರನಿಗೆ ನೆಲ ಯಾವುದು, ಗೂಳಿ ಯಾವುದು ತಿಳಿಯದಾಯಿತು. ಕೊಟ್ಟಿಗೆಯತ್ತ ಓಡಿದ. ಲುಸಿಲೇನಿ ವಕೀಲನ ಮೈ ಒರೆಸುತ್ತಿದ್ದಳು.

"ಲುಸಿಲೇನಿ, ಅಪ್ಪ ಒಪ್ಪಿದ್ರು. ನನ್ನ ಮದ್ವೆ ಆಗ್ತೀಯಾ?"

"ನಿನ್ನ ಬೆರಳು ನೋಡ್ತಾ ಇದ್ದೆ," ಎಂದಳು ಅವಳು, ಒರೆಸುವುದನ್ನು ನಿಲ್ಲಿಸದೆ. "ಬಾಗ್ಲು ತೆಗೆದ ಕೂಡ್ಲೇ ಐದೂ ಬಿಚ್ಚಿದ್ದೆ ನೀನು."

"ಅದು... ನಿಮ್ಮಪ್ಪನಿಗೆ ಬೇಜಾರಾಗ್ಬಾರ್ದು ಅಂತ..."

"ಕರುವಿದ್ದಾಗ ಇವನಿಗೆ ಸೀಸೇಲಿ ಹಾಲು ಕುಡಿಸಿದೋಳು ನಾನು. ಇವನ್ನ ನೀನು ನಿಜವಾಗಿ ಗೆದ್ದಿದ್ರೂ ನಿನ್ನ ಕಟ್ಕೋತಿದ್ದೆ. ಇವನು ನಿನ್ನ ನಿಜವಾಗಿ ಬೀಳಿಸಿದ್ರೂ ಕಟ್ಕೋತಿದ್ದೆ. ಸುಳ್ಳುಸುಳ್ಳೇ ಬೀಳಕ್ಕೆ ಹೋಗಿ, ಅದನ್ನೂ ನೆಟ್ಟಗೆ ಮಾಡ್ಲಿಲ್ಲ ನೀನು."

"ಒಂದ್ಸಲ ಯೋಚ್ನೆ ಮಾಡು. ನಾಳೆ ಹೇಳು, ಪರವಾಗಿಲ್ಲ."

"ನಾಳೆ ಯಾಕೆ? ಇವತ್ತೇ ಹೇಳ್ತೀನಿ. ಆಗಲ್ಲ."