ಖಂಡೇನವಮಿಯ ಕ್ರಾಸ್‌ಬೋ

ನೀಲಗಂಗಾ ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ಸಮಯಿ ದೀಪ ತಿಕ್ಕುತ್ತಿದ್ದಳು. ಮೊದಲು ಬುಡ, ಆಮೇಲೆ ಕಂಬ, ಆಮೇಲೆ ಎಣ್ಣೆಯ ಬಟ್ಟಲು. ನಲ್ಲಿಯ ಕೆಳಗೆ ತೊಳೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮತ್ತೆ ಬುಡದಿಂದ ಶುರು ಮಾಡಿದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವಳ ಗಂಡ ಚಂದ್ರಹಾಸನಿಗೆ ಇದರ ಅರ್ಥ ಗೊತ್ತಿತ್ತು. ಸಮಯಿಗೆ ಹೊಳಪು ಏರಿದಷ್ಟೂ ತನ್ನ ಗ್ರಹಚಾರ ಏರುತ್ತದೆ.

"ಆತ ಕೇಳಿದ, ನಾ ಹೇಳಿದೆ. ಬ್ಯಾರೆ ಏನ್ ಹೇಳಬೇಕಿತ್ತು, ಗಂಗಾ?" ಎಂದ.

ಉತ್ತರಕ್ಕೆ ಸಮಯಿ ಕಿರ್ರೆಂದಿತು.

ನಡೆದದ್ದು ಇಷ್ಟು. ಹಿಂದಿನ ದಿನ, ಶುಕ್ರವಾರ, ಆಫೀಸಿನ ಮಾರ್ನಿಂಗ್ ಟೀ ಹೊತ್ತಿನಲ್ಲಿ ಬಾಸ್ ಬ್ರೂಸ್ ಮಗ್ ಹಿಡಿದುಕೊಂಡು ಒಬ್ಬೊಬ್ಬರ ಮೇಜಿಗೂ ಬಂದು, "ನೀನು ಬೇಟೆ ಆಡ್ತೀಯಾ?" ಎಂದು ಕೇಳುತ್ತ ಹೋಗಿದ್ದ. ನೀರಿನ ಕೊಳವೆಗಳ ನಕ್ಷೆ ಮಾಡುವ ಆ ಆಫೀಸಿನಲ್ಲಿ ಟೀಮ್ ಲೀಡರ್ ಜಾಗ ಖಾಲಿ ಇತ್ತು. ಕಾಯಂ ಕೆಲಸ. ಚಂದ್ರಹಾಸನ ಕಾಂಟ್ರಾಕ್ಟ್ ಕ್ರಿಸ್‌ಮಸ್‌ಗೆ ಮುಗಿಯುವುದಿತ್ತು. ಆ ಜಾಗ ಸಿಕ್ಕರೆ ಇಲ್ಲೇ ಆಕ್ಲಂಡು, ಸಿಗದಿದ್ದರೆ ಹೆಂಡತಿ ಮಗಳೊಡನೆ ಮರಳಿ ಗದಗು. ಬ್ರೂಸ್‌ನ ಮೇಜಿನ ಮೇಲೆ ಹೆಂಡತಿಯ ಫೋಟೊ ಚಿಕ್ಕದು, ತಾನು ಹೊಡೆದ ಕಾಡುಹಂದಿಯ ಫೋಟೊ ದೊಡ್ಡದು. ಅಂಥವನ ಮುಂದೆ ಇಲ್ಲ ಅನ್ನುವುದು ಹೇಗೆ?

"ಬೇಟೆ ನಮ್ಮ ವಂಶದ ರಕ್ತದಲ್ಲೇ ಇದೆ," ಎಂದುಬಿಟ್ಟಿದ್ದ ಚಂದ್ರಹಾಸ. "ನಾಳೆ ನಮ್ಮಲ್ಲಿ ಆಯುಧಗಳಿಗೆ ಪೂಜೆ."

ಬ್ರೂಸ್‌ನ ಹುಬ್ಬು ಮೇಲೇರಿತು. "ಹೌದಾ! ಯಾವ ಆಯುಧ ಇದೆ ನಿನ್ನ ಹತ್ತಿರ?"

ಕಳೆದ ವರ್ಷ ಖಂಡೇನವಮಿಯ ಪೂಜೆಗೆ ಇಟ್ಟದ್ದು ಮಿಕ್ಸರ್, ಹೊಲಿಗೆ ಮಷೀನು ಮತ್ತು ಮಗಳು ವಚನಾಳ ಕಂಪಾಸ್ ಬಾಕ್ಸು. "ಬಿಲ್ಲು," ಎಂದ.

"ಕ್ರಾಸ್‌ಬೋ?"

ಅದು ಬಂದೂಕಿನ ಹಿಡಿಕೆಗೆ ಬಿಲ್ಲನ್ನು ಅಡ್ಡ ಕಟ್ಟಿದ ಆಯುಧ ಎಂಬುದು ಚಂದ್ರಹಾಸನಿಗೆ ಮನೆಗೆ ಬಂದು ಕಂಪ್ಯೂಟರ್ ತೆರೆದ ಮೇಲೆ ತಿಳಿಯಿತು. ಬ್ರೂಸ್ ಕೇಳಿದಾಗ ಮಾತ್ರ ಹೌದೆಂದು ಜೋರಾಗಿ ತಲೆಯಾಡಿಸಿದ್ದ.

"ಭೇಷ್! ಭಾನುವಾರ ಅದನ್ನ ತಗೊಂಡು ನನ್ನ ಜೊತೆ ಬಾ. ಅಣ್ಣನ ಫಾರ್ಮಿನಲ್ಲಿ ಹಂದಿ ಕಾಟ."

ಮಾತಿನ ಭರದಲ್ಲಿ "ಪೂಜೆಗೆ ನಮ್ಮ ಮನೆಗೂ ಬನ್ನಿ" ಅಂತಲೂ ಅಂದಿದ್ದ. ಗದಗಿನಲ್ಲಿ ಹಾಗನ್ನುವುದು ರೂಢಿ. ಅಂದ ಮಾತ್ರಕ್ಕೆ ಯಾರೂ ಬರುವುದಿಲ್ಲ.

"ಡ್ಯಾಡ್, ಯು ಕಾಂಟ್ ಈವನ್ ಕಿಲ್ ಎ ಸ್ಪೈಡರ್," ಎಂದಳು ಈಗ ವಚನಾ, ಅಡುಗೆಮನೆಯ ಮೂಲೆಯಲ್ಲಿ ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತದೆ.

ಅದು ಸುಳ್ಳಲ್ಲ. ಜೇಡ ಕಂಡರೆ ಚಂದ್ರಹಾಸ ಕಾಗದದ ಮೇಲೆ ಹತ್ತಿಸಿಕೊಂಡು ಹಿತ್ತಲಿಗೆ ಒಯ್ದು, "ಹೋಗಿ ಬಾರಪ್ಪ" ಅನ್ನುತ್ತಿದ್ದ. ಮೊಟ್ಟೆ ಹಾಕಿದ ಕೇಕು ಕೂಡ ಒಳಗೆ ಬರದ ಮನೆ ಅದು. ಅವನ ಕೈಯಿಂದ ಸತ್ತಿದ್ದು ಒಂದೇ ಒಂದು ಸೊಳ್ಳೆ, ಅದೂ ಮಠದಲ್ಲಿ ಪ್ರವಚನ ಕೇಳುತ್ತ ಚಪ್ಪಾಳೆ ಹೊಡೆದಾಗ.

ಅಷ್ಟರಲ್ಲಿ ಎದುರುಮನೆಯ ಬದರಿನಾಥ್ ಬಂದ. ಬೆಂಗಳೂರಿನವನು, ಅದೇ ಆಫೀಸಿನವನು. ಒಂದು ಟೋಸ್ಟರ್ ಕೊಳ್ಳುವುದಕ್ಕೆ ಚಳಿಗಾಲವಿಡೀ ಇಂಟರ್‌ನೆಟ್ ಓದಿ, ಕೊನೆಗೆ ಬ್ರೆಡ್ಡು ತಿನ್ನುವುದನ್ನೇ ಬಿಟ್ಟವನು.

"ಎಲ್ಲಾ ನೋಡಿಟ್ಟಿದೀನಿ ಗುರೂ. ಪಾಪಕುರಾದಲ್ಲಿ ಒಂದು ಬೇಟೆ ಸಾಮಾನಿನ ಅಂಗಡಿ ಇದೆ. ನಡಿ, ಕಾನೂನಿಗೂ ಸರಿಹೋಗ್ಬೇಕು, ಹಂದಿಗೂ ಸರಿಹೋಗ್ಬೇಕು, ಅಂಥದ್ದು ಆರಿಸೋಣ."

"ನೀ ಏನಂದಿ ಬ್ರೂಸ್‌ಗ?"

"ನಾನಾ? ನಿಜ ಹೇಳ್ಬಿಟ್ಟೆ. ಬೀಟ್‌ರೂಟ್ ಹೆಚ್ಚಿದ್ರೂ ತಲೆ ಸುತ್ತುತ್ತೆ ಅಂದೆ. ಏನೂ ಮಾತಾಡ್ದೆ ಹೊರಟ್ಹೋದ. ನನ್ ಕತೆ ಮುಗೀತು ಬಿಡು, ನಿಂದಾದ್ರೂ ಆಗ್ಲಿ."

ಚಂದ್ರಹಾಸನಿಗೆ ಕನಿಕರ ಉಕ್ಕಿತು. ಲೀಡರ್ ಆದ ಮೇಲೆ ಈ ಬಡಪಾಯಿಯನ್ನು ಬೈಯದೆ ನೋಡಿಕೊಳ್ಳಬೇಕು ಎಂದು ಅಲ್ಲೇ ನಿರ್ಧರಿಸಿದ.

ಹೊರಗೆ ಬಂದು ನೋಡಿದರೆ ಕಾರಿನ ಹಣೆಗೆ ವಿಭೂತಿ, ಕುಂಕುಮ. ನಾಲ್ಕೂ ಗಾಲಿಯ ಕೆಳಗೆ ಲಿಂಬೆಹಣ್ಣು. ಪಕ್ಕದ ಮನೆಯ ಅಪ್ಪಾಸಾಹೇಬ ಕಾಕಾ ಬಟ್ಟಲು ಹಿಡಿದು ನಿಂತಿದ್ದರು. ಮಗನ ಮನೆಗೆಂದು ಬಂದವರು. ಹುಬ್ಬಳ್ಳಿ ಬಸ್ ಡಿಪೋದಲ್ಲಿ ಮ್ಯಾನೇಜರ್ ಆಗಿದ್ದಾಗ ಖಂಡೇನವಮಿಗೆ ಕೆಟ್ಟು ನಿಂತ ಬಸ್ಸಿಗೂ ಬಿಡದೆ ಪೂಜೆ ಮಾಡಿಸಿದ ಕೈ ಅದು. ಇಲ್ಲಿ ಬಸ್ಸು ಸಿಗದೆ ತುರಿಸುತ್ತಿತ್ತು.

"ಕಾಕಾ, ನಾವು ಪಾಪಕುರಾಕ್ಕ ಹೋಗಬೇಕಿತ್ತಲ್ರೀ!"

"ಹೋಗ್ರಿ. ಗಾಡಿ ಮಾತ್ರ ಮುಟ್ಟಬ್ಯಾಡ್ರಿ. ಖಂಡೇ ಪೂಜಿಗೆ ಇಟ್ಟದ್ದು ನಾಳೆ ದಸರಾ ಸಂಜಿಗೆ ಬನ್ನಿ ಮುಡಿಯೂತನಕ ಅಲ್ಲಾಡಂಗಿಲ್ಲ."

"ಬದರಿ, ನಿನ್ನ ಕಾರು?"

"ಅದಕ್ಕ ಮೊದಲ ಹಚ್ಚೇನಿ," ಎಂದರು ಕಾಕಾ ತೃಪ್ತಿಯಿಂದ. "ನಡೀರಿ, ನಾನೂ ಬರ್ತೇನಿ. ಆಯುಧ ತರೂದಂದ್ರ ಹಿರೇರೊಬ್ರು ಇರಬೇಕು."

ಹೀಗೆ ಮೂವರೂ ಬಸ್ಸು ಹಿಡಿದು, ರೈಲು ಹತ್ತಿ ಪಾಪಕುರಾ ಸೇರಿದರು.

ಅಂಗಡಿಯ ಗೋಡೆಯ ತುಂಬ ಜಿಂಕೆಗಳ ತಲೆ. ಅವುಗಳ ಕೆಳಗೆ ಕುಳಿತು ಒಬ್ಬ ಬಿಳಿಗೂದಲಿನ ಹೆಂಗಸು ಮಗುವಿನ ಸ್ವೆಟರ್ ಹೆಣೆಯುತ್ತಿದ್ದಳು.

"ಏನನ್ನ ಹೊಡೀಬೇಕು?" ಎಂದಳು.

"ಏನನ್ನೂ ಇಲ್ಲ," ಎಂದು ಚಂದ್ರಹಾಸ ತಟ್ಟನೆ ನಾಲಿಗೆ ಕಚ್ಚಿಕೊಂಡ. "ಅಂದರೆ, ಹಂದಿ."

"ಮೊದ್ಲು ಲೈಸೆನ್ಸ್ ವಿಷ್ಯ," ಎಂದ ಬದರಿ.

"ಇದಕ್ಕೆ ದೊಡ್ಡವರಿಗೆ ಲೈಸೆನ್ಸ್ ಬೇಡ. ಆದರೆ ಜಮೀನಿನ ಒಡೆಯ ಒಪ್ಪಿರಬೇಕು. ಬೀದಿಯಲ್ಲಿ ಬಿಚ್ಚಿ ಹಿಡ್ಕೊಂಡು ತಿರುಗಿದರೆ ಪೊಲೀಸರು ಯಾಕೆ ಅಂತ ಕೇಳ್ತಾರೆ. ದೇವರಿಗೆ, ಹಬ್ಬಕ್ಕೆ ಅಂದರೆ ನಂಬೋದಿಲ್ಲ," ಎಂದಳು ಅವಳು, ಮೂವರ ಹಣೆಯ ವಿಭೂತಿಯನ್ನು ನೋಡುತ್ತ.

ಅವಳು ಮೂರು ಕ್ರಾಸ್‌ಬೋ ತಂದಿಟ್ಟಳು. ಚಂದ್ರಹಾಸ ಅತಿ ಚಿಕ್ಕದನ್ನು ಎತ್ತಿಕೊಂಡ. ಹಗುರ, ಮುದ್ದು, ಬೆಕ್ಕಿನ ಮರಿಯಂತೆ ಕೈಯಲ್ಲಿ ಕೂತಿತು. "ಇದು ಸಾಕು."

"ಅದು ಡಬ್ಬಕ್ಕೆ ಗುರಿ ಇಡೋ ಆಟಿಕೆ. ಹಂದಿಗೆ ಬಿಟ್ಟರೆ ಸಾಯಲ್ಲ, ನರಳುತ್ತೆ. ನರಳಿಸೋನು ಬೇಟೆಗಾರನಲ್ಲ."

ಚಂದ್ರಹಾಸ ತಪ್ಪು ಮಾಡಿದ ಹುಡುಗನಂತೆ ಅದನ್ನು ಕೆಳಗಿಟ್ಟ.

ಎರಡನೆಯದು ದೊಡ್ಡದು, ತುದಿಗಳಲ್ಲಿ ರಾಟೆ ಇದ್ದದ್ದು. ಕಾಕಾನ ಮುಖ ಅರಳಿತು. "ಇದಕ್ಕ ಗಾಲಿ ಅದಾವ! ಬಸ್ಸಿನಂಗ! ಇದನ್ನ ತಗೋ."

"ರಾಟೆ ಇದ್ರೆ ಸರ್ವೀಸ್‌ಗೆ ಓಡಾಡ್ಬೇಕು ಕಾಕಾ," ಎಂದ ಬದರಿ.

ಮೂರನೆಯದು ಸಾದಾ. ಹಂದಿಗೆ ಬೇಕಾದಷ್ಟು ಬಲ, ಕೆಡುವ ಭಾಗ ಕಡಿಮೆ. ಹೆಂಗಸು ಹೆಣಿಗೆಯ ಸೂಜಿಯಿಂದ ಅದನ್ನು ತೋರಿಸಿ ಹೇಳಿದಳು: "ತಿಳಿದವರು ಇದನ್ನ ಒಯ್ತಾರೆ. ತುದಿಯ ಕೊಂಡಿಗೆ ಕಾಲಿಟ್ಟು, ಎರಡೂ ಕೈಯಿಂದ ದಾರ ಎಳಿ ನೋಡೋಣ."

ಚಂದ್ರಹಾಸ ಕಾಲಿಟ್ಟ. ಎಳೆದ. ದಾರ ಜಗ್ಗಲಿಲ್ಲ. ಬಾವಿಯಿಂದ ಎಮ್ಮೆ ಎತ್ತುವವನಂತೆ ಉಸಿರು ಬಿಗಿಹಿಡಿದು ಮತ್ತೆ ಎಳೆದ. ಟಪ್ ಎಂದಿತು. ದಾರವಲ್ಲ, ಪ್ಯಾಂಟಿನ ಗುಂಡಿ. ಅದು ಹಾರಿ ಹೋಗಿ ಗೋಡೆಯ ಜಿಂಕೆಯ ಹಣೆಗೆ ಸರಿಯಾಗಿ ಬಡಿಯಿತು.

"ಗುರಿ ಚೆನ್ನಾಗಿದೆ," ಎಂದಳು ಹೆಂಗಸು. "ಎಳೆಯೋಕೆ ಒಂದು ಹಗ್ಗ ಕೊಡ್ತೀನಿ, ಸಲೀಸಾಗುತ್ತೆ."

"ಒಂದು ಮಾತು ಕೇಳಪಾ ಆಕೀನ," ಎಂದರು ಕಾಕಾ ಗಂಭೀರವಾಗಿ. "ಇದರಾಗ ಎಲ್ಲೆರ ಚರ್ಮ ಐತೇನು? ಚರ್ಮ ಇದ್ರ ದೇವರ ಮುಂದ ಇಡಾಕ ಬರಂಗಿಲ್ಲ."

ಬದರಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಹೆಂಗಸು ಹೆಣಿಗೆಯನ್ನು ಪಕ್ಕಕ್ಕಿಟ್ಟಳು. "ನನ್ನ ಗಂಡ ಈ ಅಂಗಡಿ ತೆರೆದಾಗಿಂದ ಇಲ್ಲೇ ಇದ್ದೀನಿ. ಸಸ್ಯಾಹಾರಿ ಕ್ರಾಸ್‌ಬೋ ಕೇಳಿದವರು ನೀವೇ ಮೊದಲು." ಆದರೂ ಪಾಪ, ಹೆಗಲಿಗೆ ಹಾಕುವ ಚರ್ಮದ ಪಟ್ಟಿ ಬಿಚ್ಚಿ ನೈಲಾನಿನದು ಕಟ್ಟಿಕೊಟ್ಟಳು.

ಕೊಂಡ ಆ ಸಾದಾ ಬಿಲ್ಲಿಗೆ ಪೆಟ್ಟಿಗೆ ಇರಲಿಲ್ಲ. ಕಾಕಾ ಹೆಗಲ ಮೇಲಿನ ಬಿಳಿ ಶಾಲು ತೆಗೆದು ಸುತ್ತಿದರು. ರೈಲಿನಲ್ಲಿ ಚಂದ್ರಹಾಸ ಒಂದು ಕೈಯಲ್ಲಿ ಅದನ್ನು ಎದೆಗವಚಿ, ಇನ್ನೊಂದರಲ್ಲಿ ಪ್ಯಾಂಟು ಹಿಡಿದು ನಿಂತ. ಬಿಳಿ ಬಟ್ಟೆಯೊಳಗಿನ ಆ ಅಡ್ಡ ಉದ್ದದ ಆಕಾರ, ಅವನ ಬಾಡಿದ ಮುಖ, ಬೆನ್ನ ಹಿಂದೆ ಕಣ್ಣು ಮುಚ್ಚಿ ವಚನ ಗುನುಗುತ್ತಿದ್ದ ಕಾಕಾ, ಇಷ್ಟನ್ನೂ ನೋಡಿ, ಹೂವಿನ ಟೊಪ್ಪಿಗೆ ಹಾಕಿದ್ದ ಸಮೋವಾದ ಅಜ್ಜಿಯೊಬ್ಬಳು ಶಿಲುಬೆ ಎಂದೇ ತಿಳಿದು ತಟ್ಟನೆ ಎದ್ದು ಸೀಟು ಬಿಟ್ಟುಕೊಟ್ಟಳು.

"ಯಾವ ಚರ್ಚಿಗೆ, ಮಗನೆ?"

"ಸ್ಯಾಂಡ್ರಿಂಗಮ್," ಎಂದು ಚಂದ್ರಹಾಸ ತನ್ನ ಮನೆಯಿರುವ ಬಡಾವಣೆಯ ಹೆಸರು ಹೇಳಿದ.

ಅಜ್ಜಿ ತಲೆಬಾಗಿ ಆಶೀರ್ವದಿಸಿದಳು. ಕಾಕಾ ಕಣ್ಣು ಬಿಟ್ಟು, "ಶರಣ್ರೀ," ಎಂದರು.

ಸಂಜೆ ಗ್ಯಾರೇಜಿನಲ್ಲಿ ಪೂಜೆ. ಚೆಂಡುಹೂ ಸಿಗದೆ ಹಿತ್ತಲಿನ ಡೇಸಿ ಹೂಗಳ ಮಾಲೆ. ಮಿಕ್ಸರ್, ಹೊಲಿಗೆ ಮಷೀನು, ಕಂಪಾಸ್ ಬಾಕ್ಸಿನ ನಡುವೆ ಕ್ರಾಸ್‌ಬೋ, ಬಂಧುಗಳ ಮನೆಗೆ ಬಂದ ಪೈಲ್ವಾನನಂತೆ ಕೂತಿತ್ತು. ನೀಲಗಂಗಾ ಸಮಯಿ ತಂದು ಹಚ್ಚಿದಳು. ಕಣ್ಣು ಕುಕ್ಕುವಷ್ಟು ಹೊಳೆಯುತ್ತಿತ್ತು.

ಕಾಕಾ ಬಿಲ್ಲಿಗೆ ವಿಭೂತಿ ಎಳೆದು, ಕುಂಕುಮವಿಟ್ಟು, ಕರ್ಪೂರ ಬೆಳಗಿ ಘೋಷಿಸಿದರು: "ಇನ್ನ ಇದನ್ನ ಯಾರೂ ಮುಟ್ಟಬ್ಯಾಡ್ರಿ. ನಾಳೆ ಸಂಜಿ, ಬನ್ನಿ ಮುಡದ ಮ್ಯಾಲೆ!"

ನಾಳೆ ಸಂಜೆ! ಬೇಟೆ ಇದ್ದದ್ದು ನಾಳೆ ಬೆಳಗಿನ ಜಾವ. ಚಂದ್ರಹಾಸನ ಎದೆಯಲ್ಲಿ ಕರ್ಪೂರ ಹತ್ತಿಕೊಂಡಿತು. ಬೇಟೆಗಾರ ಅನ್ನಿಸಿಕೊಂಡೂ ಆಯಿತು, ಬೇಟೆ ತಪ್ಪಿಯೂ ಹೋಯಿತು! ಅವನು ಕಾಕಾನ ಕಾಲಿಗೆ ಬಿದ್ದ, ಎಷ್ಟು ಹೊತ್ತು ಬಿದ್ದಿದ್ದನೆಂದರೆ ಕಾಕಾ ಗಾಬರಿಯಾಗಿ, "ಏಳಪಾ, ಏನಾರ ಆತೇನ?" ಎಂದು ಕೇಳಬೇಕಾಯಿತು.

ಎದ್ದು ನೋಡಿದರೆ ಬಾಗಿಲಲ್ಲಿ ಬ್ರೂಸ್. ಹಿಂಬದಿ ತೆರೆದ ತನ್ನ ಯೂಟ್ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ, ಗಮ್‌ಬೂಟು ಕಳಚಿ, ಕಾಲುಚೀಲದಲ್ಲಿ ನಿಂತಿದ್ದ. "ಬಾ ಅಂದಿದ್ದೆಯಲ್ಲ, ಬಂದೆ."

ಚಂದ್ರಹಾಸ ಮಗಳನ್ನು ಮುಂದೆ ತಳ್ಳಿದ. ವಚನಾ ನಿಯಮವನ್ನೆಲ್ಲ ಚಕಚಕನೆ ವಿವರಿಸಿದಳು. ಬ್ರೂಸ್ ಕ್ರಾಸ್‌ಬೋ ಮುಂದೆ ಕೈಕಟ್ಟಿ ನಿಂತು, "ನಿಯಮ ಅಂದರೆ ನಿಯಮ. ಮುಟ್ಟಬಾರದು," ಎಂದ. ಆಮೇಲೆ ತಿರುಗಿ, "ಆ ಟೀಮ್ ಲೀಡರ್ ವಿಷಯ ಮುಖತಃ ಹೇಳಬೇಕು ಅಂತಲೇ ಬಂದೆ," ಎಂದ.

ಚಂದ್ರಹಾಸ ಒಂದು ಕೈಯಲ್ಲಿ ಗುಂಡಿಯಿಲ್ಲದ ಪ್ಯಾಂಟು ಹಿಡಿದು, ಇನ್ನೊಂದರಿಂದ ಅಂಗಿ ಸರಿಮಾಡಿಕೊಂಡ.

"ಏಪ್ರಿಲ್‌ನಲ್ಲಿ ಗಂಡು ಜಿಂಕೆಗಳು ಕೂಗೋಕೆ ಶುರುಮಾಡಿದರೆ ನಮ್ಮ ಆಫೀಸಿನಲ್ಲಿ ಒಂದು ನೊಣ ಇರಲ್ಲ. ಎಲ್ಲಾ ಬೇಟೆಗೆ ಅಂತ ಕಾಡಲ್ಲಿ. ಫೋನ್ ಎತ್ತೋರಿಲ್ಲ. ಅದಕ್ಕೆ ಬೇಟೆಯ ಹುಚ್ಚಿಲ್ಲದ ಒಬ್ಬ ಬೇಕಿತ್ತು. ನಿಜ ಹೇಳ್ತೀನಿ, ನೀನು ಮಾಂಸ ಮುಟ್ಟಲ್ಲ ಅಂತ ನಿನ್ನ ಹೆಸರೇ ಮನಸ್ಸಲ್ಲಿತ್ತು. ಆದರೂ ಎಲ್ಲರನ್ನೂ ಒಂದು ಮಾತು ಕೇಳೋಣ ಅಂತ ಕೇಳಿದೆ. ನೋಡಿದರೆ ನಿನ್ನ ವಂಶವೇ ಬೇಟೆಗಾರರ ವಂಶ!" ಬ್ರೂಸ್ ಚಂದ್ರಹಾಸನ ಬೆನ್ನು ತಟ್ಟಿ, ಪಕ್ಕದಲ್ಲಿ ನಿಂತಿದ್ದ ಬದರಿಯ ಕೈ ಕುಲುಕಿದ. "ಬದರಿ, ಜಾಗ ನಿನ್ನದು."

ಬದರಿಯ ಕೈಯಲ್ಲಿದ್ದ ಪ್ರಸಾದದ ಬಾಳೆಹಣ್ಣು ಕೆಳಗೆ ಬಿತ್ತು.

"ನಾನು ಬೇಟೆ ಆಡೋದಿಲ್ಲ!" ಎಂದ ಚಂದ್ರಹಾಸ. ಧ್ವನಿ ಕೀರಲಾಗಿತ್ತು. "ಸುಳ್ಳು ಹೇಳಿದೆ, ಬ್ರೂಸ್! ನಾನು ಜೇಡಕ್ಕೆ ಸಹ ಟಾಟಾ ಮಾಡಿ ಕಳಿಸೋನು!"

ಬ್ರೂಸ್ ಗಹಗಹಿಸಿ ನಕ್ಕ. "ಆಫೀಸಿಗೋಸ್ಕರ ಬೇಟೆಯನ್ನೇ ಬಿಟ್ಟುಕೊಡ್ತಿದ್ದೀಯ. ದೊಡ್ಡ ಮನಸ್ಸು. ಆದರೆ ಆ ಕ್ರಾಸ್‌ಬೋ ನೋಡು! ಗೊತ್ತಿಲ್ಲದವರು ಆಟಿಕೆಗೆ ಬೀಳ್ತಾರೆ, ಇಲ್ಲ ರಾಟೆಗೆ ಬೀಳ್ತಾರೆ. ಇದು ತಿಳಿದವನ ಆಯ್ಕೆ."

"ಮತ್ತೆ ನನ್ನ ಕಾಂಟ್ರಾಕ್ಟು?"

"ಕ್ರಿಸ್‌ಮಸ್ ತನಕ ಇದೆಯಲ್ಲ. ಆಮೇಲಿನದು ಬದರಿಯನ್ನ ಕೇಳು, ಅವನೇ ನಿನ್ನ ಲೀಡರ್." ಬ್ರೂಸ್ ಮೂಗರಳಿಸಿ ತುಪ್ಪದ ವಾಸನೆ ಹಿಡಿದು ಒಳಗೆ ಹೊರಟವನು ನಿಂತ. "ಹಾಂ, ನಾಳೆಯ ಚಿಂತೆ ಬಿಡು. ನಿನ್ನದು ದೇವರ ಹತ್ತಿರ ಇರಲಿ. ಯೂಟ್‌ನಲ್ಲಿ ನನ್ನದು ಇನ್ನೊಂದಿದೆ. ಬೆಳಗಾಗೋದಕ್ಕೆ ಮೊದಲೇ ಬಂದು ಹಾರ್ನ್ ಹೊಡೀತೀನಿ."

ಎಲ್ಲರೂ ಹೋಳಿಗೆಗೆ ಕೂತರು. ಬದರಿಯ ಎಲೆಗೆ ನೀಲಗಂಗಾ ಮೊದಲು ತುಪ್ಪ ಬಡಿಸಿದಳು. ಬ್ರೂಸ್ ಮೂರನೆಯ ಹೋಳಿಗೆಗೆ ಕೈ ಹಾಕಿದ. ಕಾಕಾ ಅವನಿಗೆ ಹುಬ್ಬಳ್ಳಿ ಡಿಪೋದ ಬಸ್ಸುಗಳ ಕತೆಯನ್ನು ಕನ್ನಡದಲ್ಲೇ ಹೇಳುತ್ತಿದ್ದರು. ಅವನು ಇಂಗ್ಲಿಷಿನಲ್ಲೇ ಹೌದೌದು ಅನ್ನುತ್ತಿದ್ದ.

ಚಂದ್ರಹಾಸ ಒಬ್ಬನೇ ಗ್ಯಾರೇಜಿನ ಬಾಗಿಲಲ್ಲಿ ಪ್ಯಾಂಟು ಹಿಡಿದುಕೊಂಡು ನಿಂತಿದ್ದ. ಹೊರಗೆ ಬ್ರೂಸ್‌ನ ಯೂಟು ಹಣೆಯಲ್ಲಿ ವಿಭೂತಿಯಿಲ್ಲದೆ, ಗಾಲಿಗೆ ಲಿಂಬೆಹಣ್ಣಿಲ್ಲದೆ, ಎಲ್ಲಿಗೆ ಬೇಕಾದರೂ ಹೊರಡಲು ತಯಾರಾಗಿ ನಿಂತಿತ್ತು. ಅವನು ಕುಂಕುಮದ ಬಟ್ಟಲು ಎತ್ತಿಕೊಂಡು ಊಟದ ಕೋಣೆಯತ್ತ ಚಾಚಿದ.

"ಕಾಕಾ, ಆ ಗಾಡಿಗೂ ಒಂದೀಟು ಹಚ್ಚಿ ಬರ್ರಿ."