ಸಂಗಮದ ನೀರು, ಸೇವಂತಿಗೆ ಹಾರ ಮತ್ತು ನನ್ನ ಸುರಕ್ಷತಾ ಭಾಷಣ

ಸುರಕ್ಷತೆಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಇಡೀ ನಂಜನಗೂಡು ತಾಲ್ಲೂಕಿನಲ್ಲೇ ಇಲ್ಲ ಎಂದು ನಾನು ನಂಬಿದ್ದ ಕಾಲವೊಂದಿತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಂಬಿಕೆಗೆ ಆಧಾರವೂ ಇತ್ತು. ಮೈಸೂರಿನಲ್ಲಿ ನಡೆದ ಎರಡು ದಿನದ ತರಬೇತಿಗೆ ಹೋಗಿ, ಊಟದ ಬಿಡುವಿನಲ್ಲೂ ಟಿಪ್ಪಣಿ ಬರೆದುಕೊಂಡು, ನೀಲಿ ಅಂಚಿನ ಪ್ರಮಾಣಪತ್ರ ತಂದಿದ್ದೆ. ಅದಕ್ಕೆ ಕಟ್ಟು ಹಾಕಿಸಿ ಮನೆಯಲ್ಲಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದೆ. ನನ್ನ ಹೆಂಡತಿ ಸುಶೀಲ ಪ್ರತಿದಿನ ಪಟಗಳಿಗೆ ಹೂ ಮುಡಿಸುವಾಗ ಅದೊಂದನ್ನು ಬಿಟ್ಟು ಮುಂದೆ ಹೋಗುತ್ತಿದ್ದಳು. ಅದು ಅವಳ ಅಭಿಪ್ರಾಯ.

ನಾನು ಕೆಲಸಕ್ಕಿದ್ದದ್ದು ನಂಜನಗೂಡಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ನಟ್ಟು ಬೋಲ್ಟುಗಳಿಗೆ ಸತುವಿನ ಲೇಪ ಕೊಡುವುದು ಅಲ್ಲಿಯ ಕಸುಬು. ಲೇಪ ಹಿಡಿಯಬೇಕಾದರೆ ಮೊದಲು ಎಣ್ಣೆ ಜಿಡ್ಡು ಹೋಗಬೇಕು. ಅದಕ್ಕೊಂದು ದೊಡ್ಡ ಕಬ್ಬಿಣದ ತೊಟ್ಟಿ, ಅದರಲ್ಲಿ ಸೋಡಾ ಬೆರೆಸಿದ ಬಿಸಿನೀರು. ತೊಟ್ಟಿಯ ಕೆಳಗೆ ಸೌದೆ ಉರಿ. ಆ ಹೊಗೆಯಲ್ಲಿ ಕೆಮ್ಮದೆ ಮಾತು ಮುಗಿಸಿದ ಕೆಲಸಗಾರನನ್ನು ನಾನು ನೋಡಿರಲಿಲ್ಲ. ಮಾಲೀಕರಾದ ಪುಟ್ಟಬಸಪ್ಪನವರು ಹುಲ್ಲಹಳ್ಳಿಯಲ್ಲಿ ಅಕ್ಕಿ ಗಿರಣಿ ನಡೆಸಿ ಬಂದವರು. ಅವರ ಹಿಂದೆ ಬಿದ್ದು ಬಿದ್ದು ಕೊನೆಗೆ ಹೊಸ ತೊಟ್ಟಿಗೂ, ನೀರಿನಲ್ಲಿ ಮುಳುಗಿಸಿಡುವ ಮೂರು ಕರೆಂಟ್ ಹೀಟರುಗಳಿಗೂ ಒಪ್ಪಿಸಿದೆ.

ಒಪ್ಪಿಸಿದ್ದರಲ್ಲಿ ಸ್ವಾರ್ಥವೂ ಇತ್ತು. ನಾನಿನ್ನೂ ಪ್ರೊಬೇಷನರಿ ಸೂಪರ್‌ವೈಸರ್. ಕಾಯಂ ಆಗಬೇಕಾದದ್ದು ಎರಡು ಸಲ ಮುಂದಕ್ಕೆ ಹೋಗಿತ್ತು.

"ಮಾದೇಶ್, ಹೀಟರು ತೊಂದ್ರೆ ಇಲ್ದಂಗೆ ಶುರುವಾಗ್ಲಿ. ಅವತ್ತೇ ನಿಮ್ಮ ಆರ್ಡರಿಗೆ ಸೈನ್ ಹಾಕ್ತೀನಿ. ಆಗ್ಲಿಲ್ಲ ಅನ್ನಿ, ನಿಮ್ ದಾರಿ ನೀವು ನೋಡ್ಕಳಿ" ಎಂದರು ಪುಟ್ಟಬಸಪ್ಪನವರು.

ನನ್ನ ದಾರಿ ಎಲ್ಲಿಗೆ ಹೋಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಟಿ. ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರದ ಸೈಕಲ್ ಶಾಪಿಗೆ ಹೋಗುತ್ತದೆ. ಶಾಪು ನನ್ನ ಮಾವನವರದು. ಅವರು ಸಿಕ್ಕಾಗಲೆಲ್ಲ, "ಅಳಿಯಂದ್ರೆ, ನಿಮಗೆ ಅಂತ್ಲೇ ಒಂದ್ ಸ್ಟೂಲ್ ಮಡಗಿವ್ನಿ. ಪಂಚರ್ ಹಾಕದು ಒಂದ್ ವಾರದಲ್ಲಿ ಬತ್ತದೆ" ಎಂದು ಪ್ರೀತಿಯಿಂದಲೇ ಹೇಳುತ್ತಿದ್ದರು. ಆ ಸ್ಟೂಲಿನ ಮೇಲೆ ಕೂತು ಊರಿನವರ ಕಣ್ಣಿಗೆ ಬೀಳುವುದನ್ನು ನೆನೆದೇ ನಾನು ಬಸ್ಸಿಗೆ ಹೋಗುವಾಗ ಶಾಪಿನ ಎದುರು ಬದಿಯಲ್ಲಿ ನಡೆಯುತ್ತಿದ್ದೆ.

ಹೀಗಾಗಿ ಕೆಲಸವನ್ನು ಶಾಸ್ತ್ರೋಕ್ತವಾಗಿ ಮಾಡಿದೆ. ಎಲೆಕ್ಟ್ರಿಷಿಯನ್ ನಂಜುಂಡ ನನ್ನ ಜೊತೆಗಿದ್ದ. ಹೆಡತಲೆ ಊರಿನವನು, ಕಡಿಮೆ ಮಾತಿನವನು, ಪ್ರಮಾಣಪತ್ರ ಇಲ್ಲದವನು. ತೊಟ್ಟಿ ಮುಟ್ಟಿದವರಿಗೆ ಶಾಕ್ ಹೊಡೆಯದಂತೆ ಇದ್ದಿಲು, ಉಪ್ಪು ಹಾಕಿ ಅರ್ಥಿಂಗ್ ಗುಂಡಿ ಮಾಡಿಸಿದೆ. ತಳದಲ್ಲಿ ಕೂರುವ ಕೆಸರು ತಾಗದಂತೆ ಹೀಟರುಗಳನ್ನು ಒಂದು ಗೇಣು ಮೇಲಕ್ಕೆ ನಿಲ್ಲಿಸಿದೆ. ಹೀಟರು ಪೂರ್ತಿ ನೀರಿನಲ್ಲಿ ಮುಳುಗಿರಬೇಕು, ಗಾಳಿಯಲ್ಲಿ ಉರಿದರೆ ಸುಟ್ಟುಹೋಗುತ್ತದೆ. ಅದಕ್ಕೆ ತೊಟ್ಟಿಯೊಳಗೊಂದು ಫ್ಲೋಟ್ ಹಾಕಿಸಿದೆ. ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುತ್ತದಲ್ಲ, ಅಂಥದ್ದೇ ಗುಂಡು. ನೀರು ಗುರುತಿಗಿಂತ ಇಳಿದರೆ ಗುಂಡೂ ಇಳಿಯುತ್ತದೆ, ಕರೆಂಟು ತಾನೇ ಕಡಿದುಹೋಗುತ್ತದೆ. ಕರೆಂಟು ಹರಿದಾಗ ಹತ್ತುವ ಕೆಂಪು ದೀಪ ಮೇಲಿದ್ದ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಜಡಿಸಿ, ಬೀಗದ ಕೈ ನನ್ನ ಜೇಬಿನಲ್ಲಿಟ್ಟುಕೊಂಡೆ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ನಾನೇ ಬರೆದೆ: 'ಫ್ಲೋಟನ್ನು ಯಾರೂ ಯಾವ ಕಾರಣಕ್ಕೂ ಮುಟ್ಟತಕ್ಕದ್ದಲ್ಲ.'

ಎಲ್ಲವೂ ಸಿದ್ಧವಾಯಿತು, ನೀರೊಂದು ಬಿಟ್ಟು.

ನೀರಿನ ವಿಷಯದಲ್ಲಿ ಪುಟ್ಟಬಸಪ್ಪನವರ ತಾಯಿ ಗೌರಮ್ಮನವರು ಬಾಯಿ ಹಾಕಿದರು. ಹೊಸ ತೊಟ್ಟಿಗೆ ಮೊದಲ ನೀರು ಬೋರ್‌ವೆಲ್ಲಿನದು ಬೀಳಕೂಡದು, ಟಿ. ನರಸೀಪುರದ ಸಂಗಮದ ನೀರೇ ಬೀಳಬೇಕು. ಕಪಿಲೆ ನಂಜನಗೂಡಿನಲ್ಲೇ ಹರಿಯುತ್ತಾಳಲ್ಲ ಎಂದು ಮಗ ಹೇಳಿದ್ದಕ್ಕೆ, "ಇಲ್ಲಿ ಅವಳೊಬ್ಬಳೇ ಕಣಪ್ಪ, ಅಲ್ಲಿ ಕಾವೇರಿನೂ ಸೇರ್ತಾಳೆ" ಎಂದುಬಿಟ್ಟರು. ಪೂಜೆಯ ಅಯ್ನೋರು ಲೆಕ್ಕ ಹಾಕಿ ಬೆಳಿಗ್ಗೆ ಹತ್ತು ಹತ್ತರಿಂದ ಹತ್ತೂವರೆಯೊಳಗೆ ಸ್ವಿಚ್ ಒತ್ತಬೇಕೆಂದು ಮುಹೂರ್ತ ಕೊಟ್ಟರು. ನಾನು ಟಿ. ನರಸೀಪುರದಿಂದಲೇ ದಿನವೂ ಓಡಾಡುವವನು. ನೀರು ತರುವ ಪುಣ್ಯ ನನ್ನ ಪಾಲಿಗೆ ಬಂತು. ಎಂಟಕ್ಕೆಲ್ಲ ತಂದು ಸುರಿದರೆ, ಮಿಕ್ಕದ್ದನ್ನು ಬೋರ್‌ವೆಲ್ಲಿನಿಂದ ಒಂದೂವರೆ ಗಂಟೆಯಲ್ಲಿ ತುಂಬಿಸಬಹುದು ಎಂದು ಲೆಕ್ಕ ಹಾಕಿ ಒಪ್ಪಿದೆ.

ಹೊರಡುವಾಗ ಸುಶೀಲ ಕೇಳಿದಳು, "ರೀ, ಬಸ್ಸು ಲೇಟಾದ್ರೆ?"

"ಲೇಟಾಗಲ್ಲ ಕಣೆ. ಎಲ್ಲಾ ಲೆಕ್ಕ ಹಾಕಿದೀನಿ."

"ನೀವು ಲೆಕ್ಕ ಹಾಕಿದ್ರೆ ಸರಿ ಬಿಡಿ" ಎಂದವಳು ಎರಡು ಇಡ್ಲಿ ಹೆಚ್ಚಿಗೆ ಕಟ್ಟಿಕೊಟ್ಟಳು.

ಮೊದಲನೆಯ ಬಸ್ಸು ಬರಲೇ ಇಲ್ಲ. ಎರಡನೆಯದರ ಕಂಡಕ್ಟರು ನನ್ನ ಎರಡು ಕ್ಯಾನುಗಳನ್ನು ನೋಡಿ, "ಏನ್ ಸಾಮಿ, ಸೀಮೆಎಣ್ಣೆನಾ? ಅತ್ಸಂಗಿಲ್ಲ" ಎಂದ. ಸಂಗಮದ ತೀರ್ಥ ಎಂದು ಹೇಳಬಾರದಿತ್ತು, ಹೇಳಿಬಿಟ್ಟೆ. ಆ ನದಿಯನ್ನು ದಿನಾ ಸೇತುವೆ ಮೇಲೆ ದಾಟಿ ತಿರುಗಿಯೂ ನೋಡದ ಜನಕ್ಕೆ, ನೀರು ಕ್ಯಾನಿಗೆ ಬಂದ ತಕ್ಷಣ ಭಕ್ತಿ ಉಕ್ಕಿತು. ಕಂಡಕ್ಟರು ಮೊದಲು ಕೈ ಒಡ್ಡಿದ. ಆಮೇಲೆ ಮುಂದಿನ ಸೀಟಿನ ಅಜ್ಜಿ ಒಡ್ಡಿದರು. ಆಮೇಲೆ ಡ್ರೈವರು ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಒಡ್ಡಿದ. ಒಬ್ಬರು ಟಿಫನ್ ಡಬ್ಬಿಯ ಪಲ್ಯವನ್ನು ಮುಚ್ಚಳಕ್ಕೆ ಬಗ್ಗಿಸಿ ಡಬ್ಬಿಯನ್ನೇ ಮುಂದೆ ಹಿಡಿದರು. ತೀರ್ಥ ಇಲ್ಲವೆನ್ನುವುದು ಹೇಗೆ? ಒಂದು ಕ್ಯಾನು ಹೀಗೆ ಖಾಲಿಯಾಯಿತು. ಆಮೇಲೆ ಮುಂದೆ ಕಬ್ಬಿನ ಗಾಡಿಗಳ ಸಾಲು ಸಿಕ್ಕಿತು. ಎತ್ತುಗಳಿಗೆ ಮುಹೂರ್ತದ ಅವಸರವಿರಲಿಲ್ಲ.

ನಾನು ಕಾರ್ಖಾನೆ ಮುಟ್ಟಿದಾಗ ಹತ್ತು ಇಪ್ಪತ್ತು. ತಿಕ್ಕಿ ತೊಳೆದ ತೊಟ್ಟಿ ಒಂದು ಹನಿ ನೀರಿಲ್ಲದೆ ಒಣಗಿ ಕಾಯುತ್ತಿತ್ತು. ಹೀಟರುಗಳಿಗೆ ವಿಭೂತಿ, ಕುಂಕುಮ, ಬಿಲ್ವಪತ್ರೆ ಆಗಿತ್ತು. ಉಳಿದ ಕ್ಯಾನನ್ನು ಗೌರಮ್ಮನವರು ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೆ ಸುರಿದೆವು. ಅಷ್ಟು ದೊಡ್ಡ ತೊಟ್ಟಿಯ ತಳ ಒದ್ದೆಯಾಯಿತು, ಅಷ್ಟೇ. ಬೋರ್‌ವೆಲ್ ಹಾಕಿದರೂ ತುಂಬಲು ಒಂದೂವರೆ ಗಂಟೆ. ಮುಹೂರ್ತಕ್ಕೆ ಉಳಿದದ್ದು ಆರು ನಿಮಿಷ.

"ಮಗಾ, ಕೆಂಪು ದೀಪ ಹತ್ತದಾ?" ಎಂದರು ಗೌರಮ್ಮನವರು. ಪುಟ್ಟಬಸಪ್ಪನವರು ವಾಚು ನೋಡಿಕೊಂಡರು. ನನಗೆ ಮಾವನವರ ಸ್ಟೂಲು ಕಾಣಿಸಿತು.

ಹಾರದ ತಟ್ಟೆಯಿಂದ ಒಂದು ಸೇವಂತಿಗೆ ಹಾರ ತೆಗೆದುಕೊಂಡೆ. ಭಕ್ತಿಯಿಂದ ಬಗ್ಗಿ, ಫ್ಲೋಟಿಗೆ ಹಾರ ಹಾಕಿದೆ. ಹಾರದ ತುದಿಯನ್ನು ತೊಟ್ಟಿಯ ಅಂಚಿನ ಕೊಕ್ಕೆಗೆ ಎಳೆದು ಕಟ್ಟಿದೆ. ಗುಂಡು ಮೇಲೆದ್ದು ನಿಂತಿತು. ತೊಟ್ಟಿ ತುಂಬಿದೆ ಎಂದು ಯಂತ್ರ ನಂಬಿತು.

ನಂಜುಂಡ ನನ್ನ ಕಿವಿಯ ಹತ್ತಿರ ಬಂದ. "ಸಾ, ಫ್ಲೋಟ್ ಕಟ್ಟಾಕ್ತೀರಾ? ನೀವೇ ಗೋಡೆ ಮ್ಯಾಲೆ ಬರ್ದಿದ್ದೀರಿ."

"ಒಂದೇ ನಿಮಿಷ ಕಣೋ. ದೀಪ ಹತ್ತಿದ ತಕ್ಷಣ ಆರಿಸ್ತೀನಿ."

ಪೆಟ್ಟಿಗೆ ತೆರೆದೆ. ಗೌರಮ್ಮನವರು ಸ್ವಿಚ್ ಒತ್ತಿದರು. ಕೆಂಪು ದೀಪ ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅಭ್ಯಾಸಬಲದಿಂದ ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಇಳಿಸಿದೆ. ಅಷ್ಟರಲ್ಲಿ ಪುಟ್ಟಬಸಪ್ಪನವರು ಒಂದು ಮಾತು ಹೇಳಿದರು. ಆ ಮಾತನ್ನು ನನ್ನಂಥವನಿಗೆ ಹೇಳಬಾರದು.

"ಮಾದೇಶ್, ಸುರಕ್ಷತೆ ಬಗ್ಗೆ ಎರಡು ಮಾತಾಡಿ."

ನನ್ನ ಹತ್ತಿರ ಹನ್ನೊಂದು ಅಂಶಗಳಿದ್ದವು, ಒಂದೊಂದಕ್ಕೂ ಉದಾಹರಣೆ. ತೊಟ್ಟಿಗೆ ಬೆನ್ನು ಮಾಡಿ, ಜನರ ಕಡೆ ತಿರುಗಿ ಶುರುಮಾಡಿದೆ. ಒಂದು ನಿಮಿಷದ ವಿಷಯ ನನ್ನ ತಲೆಯಿಂದ ಪೂರ್ತಿ ಹಾರಿಹೋಯಿತು. ಅರ್ಥಿಂಗ್ ಮುಗಿಸಿದೆ. ಕೆಸರಿನ ವಿಷಯ ಮುಗಿಸಿದೆ. ನಾಲ್ಕನೆಯ ಅಂಶಕ್ಕೆ ಬಂದಾಗ ಏನೋ ಸುಟ್ಟ ಹಾಗೆ ವಾಸನೆ ಬಂತು. ಅಯ್ನೋರ ಧೂಪ ಎಂದುಕೊಂಡೆ. ಅಯ್ನೋರ ಮುಖ ನೋಡಿದರೆ ಅವರೂ ಅದು ತಮ್ಮದೇ ಎಂದುಕೊಂಡಿದ್ದಂತಿತ್ತು. ಐದನೆಯ ಅಂಶ, 'ಹೀಟರು ಎಂದೂ ನೀರಿನಿಂದ ಹೊರಗೆ ಕಾಯಬಾರದು.' ಇದನ್ನು ನಾನು ಎರಡು ಸಲ ಹೇಳಿದೆ.

ಹಿಂದಿನ ಸಾಲಿನಲ್ಲಿ ನಂಜುಂಡ ಎರಡೂ ಕೈ ಎತ್ತಿ ಆಡಿಸುತ್ತಿದ್ದ. ದನಿ ಕೇಳಿಸುತ್ತಿಲ್ಲವೇನೋ ಎಂದು ಗಟ್ಟಿಯಾಗಿ ಮಾತಾಡಿದೆ. "ಸಾ, ಬೀಗ ಸಾ, ಬೀಗ" ಎಂದ. "ನೋಡಿ, ನಂಜುಂಡ ಜ್ಞಾಪಿಸ್ತಿದಾನೆ. ಬೀಗ ಏಳನೇ ಅಂಶ, ಅಲ್ಲಿಗೇ ಬರ್ತಾ ಇದೀನಿ" ಎಂದು ಅವನನ್ನು ಹೊಗಳಿದೆ. ಅವನು ತಲೆ ಚಚ್ಚಿಕೊಂಡು ಹೊರಗಿನ ಮೇನ್ ಸ್ವಿಚ್ಚಿನ ಕಡೆ ಓಡಿದ. ಕೆಲಸಕ್ಕೆ ಇಷ್ಟು ಆಸಕ್ತಿ ಇರುವವನು ಭಾಷಣದ ನಡುವೆ ಎದ್ದುಹೋದನಲ್ಲ ಎಂದು ಬೇಸರವಾಯಿತು.

ಹನ್ನೊಂದನೆಯ ಅಂಶವನ್ನು ನಾನು ಕೈ ಮುಗಿದು ಹೇಳಿದೆ. 'ತಪ್ಪಾದರೆ ಮುಚ್ಚಿಡಬೇಡಿ. ಯಾರ ತಪ್ಪಾದರೂ ಅಲ್ಲೇ, ಆಗಲೇ, ಎಲ್ಲರ ಮುಂದೆ ಒಪ್ಪಿಕೊಳ್ಳಿ.' ಅದಕ್ಕೂ ಚಪ್ಪಾಳೆ ಬಿತ್ತು.

ಆ ಚಪ್ಪಾಳೆಯ ನಡುವೆ ಹಿಂದೆ ಟಕ್ ಎಂದಿತು. ತಿರುಗಿದೆ. ಹೀಟರಿನ ಕಾವಿಗೆ ಹಾರ ಸುಟ್ಟು ಹರಿದಿತ್ತು. ಗುಂಡು ಕೆಳಗೆ ಬಿದ್ದು, ಕರೆಂಟು ತಾನೇ ಕಡಿದು, ಕೆಂಪು ದೀಪ ಆರಿತ್ತು. ಮೂರು ಹೀಟರುಗಳೂ ಕಪ್ಪಾಗಿ, ಸೊಟ್ಟಗಾಗಿ ನಿಂತಿದ್ದವು. ತಳದಲ್ಲಿದ್ದ ಸಂಗಮದ ನೀರು ಆವಿಯಾಗಿ ತೊಟ್ಟಿ ಮೊದಲಿನಂತೆಯೇ ಒಣಗಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಯಾರಾದರೂ ತೊಟ್ಟಿ ಮುಟ್ಟಿದ್ದರೆ, ಅರ್ಥಿಂಗ್ ಒಂದು ಸರಿ ಇರದಿದ್ದರೆ ಜೀವವೇ ಹೋಗುತ್ತಿತ್ತು.

ಗೌರಮ್ಮನವರು ತೊಟ್ಟಿಯೊಳಗೆ ಬಗ್ಗಿ ನೋಡಿ, ಮಗನ ಕಡೆ ತಿರುಗಿದರು. "ನೋಡ್ಲಾ ಪುಟ್ಟ, ಆ ಹಾರ ಸುಟ್ಟು ಬಿದ್ದು ತಾನೇ ಕರೆಂಟ್ ನಿಂತದ್ದು? ಈ ಹುಡ್ಗ ಭಕ್ತಿಯಿಂದ ಹಾರ ಆಕ್ದ, ದೇವ್ರು ಕಾಪಾಡ್ದ. ಮಿಸೀನು ಕೆಟ್ಟದ್ದು ಅದ್ನ ಮಾಡ್ದ ಕಂಪ್ನಿಯೋರ್ ತಪ್ಪು."

ಪುಟ್ಟಬಸಪ್ಪನವರು ನಿಧಾನವಾಗಿ ತಲೆ ಆಡಿಸಿದರು. ಅವರ ಜೇಬಿನಲ್ಲಿ ನನ್ನ ಆರ್ಡರು ಮಡಚಿಟ್ಟದ್ದು ಕಾಣುತ್ತಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರಲು ನನಗೆ ನಿಜವಾಗಿಯೂ ಇಷ್ಟವಿತ್ತು.

ಅಲ್ಲೂ ನಾನು ಜಡಿಸಿದ್ದ ಬೀಗ ಒಡೆದು, ಮೇನ್ ಸ್ವಿಚ್ ಆರಿಸಿ ಆಗಷ್ಟೇ ಬಂದ ನಂಜುಂಡ ಏದುಸಿರು ಬಿಡುತ್ತಾ ನನ್ನನ್ನೇ ನೋಡಿದ. "ಅನ್ನೊಂದ್ನೇ ಪಾಯಿಂಟು ಸಾ" ಎಂದ. ಆಗ ನನಗೆ ಅವನ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ.

ಒಪ್ಪಿಕೊಂಡೆ. ಹಾರ ಭಕ್ತಿಯದಲ್ಲ, ಫ್ಲೋಟ್ ಕಟ್ಟಲು ಹಾಕಿದ್ದು ಎಂದೆ. ಗೌರಮ್ಮನವರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಪುಟ್ಟಬಸಪ್ಪನವರು ಆರ್ಡರನ್ನು ಜೇಬಿನ ಇನ್ನೂ ಆಳಕ್ಕೆ ತಳ್ಳಿ, ಪ್ರಸಾದ ತಿನ್ನದೆ ಮನೆಗೆ ಹೋದರು. ಸಂಜೆ ಸುಶೀಲಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. "ಸ್ಟೂಲ್ ಮೇಲೆ ಹಾಕ್ಕೊಳಕ್ಕೆ ಒಂದು ಮೆತ್ತೆ ಹೊಲೀತೀನಿ" ಎಂದಳು.

ಮೆತ್ತೆ ಬೇಕಾಗಲಿಲ್ಲ. ಹದಿನೈದು ದಿನ ಬಿಟ್ಟು ಪುಟ್ಟಬಸಪ್ಪನವರು ಕರೆದರು. "ನೀವು ಹೇಳಿದ ಹನ್ನೊಂದ್ರಲ್ಲಿ ಒಂದನ್ನಾದ್ರೂ ಮಾಡಿದ್ರಲ್ಲ, ಅದಕ್ಕೆ" ಎಂದು ಆರ್ಡರು ಕೊಟ್ಟರು. ನಾನು ಕಾಯಂ. ಕೆಳಗೆ ಕೈಬರಹದಲ್ಲಿ ಒಂದು ಸಾಲು ಸೇರಿತ್ತು: ಸುರಕ್ಷತೆಯ ಬಗ್ಗೆ ಮಾತಾಡುವುದು ಇವರ ಹೊಣೆ, ಬೀಗದ ಕೈ ನಂಜುಂಡನ ಹತ್ತಿರ ಇರತಕ್ಕದ್ದು.

ಆ ಸೊಟ್ಟ ಹೀಟರುಗಳಲ್ಲಿ ಒಂದನ್ನು ನನ್ನ ಕೆಂಪು ಬರಹದ ಕೆಳಗೆ ಮೊಳೆ ಹೊಡೆದು ತೂಗುಹಾಕಿದರು. ಪ್ರತಿ ವರ್ಷ ಆಯುಧಪೂಜೆಗೆ ಅದಕ್ಕೂ ಕುಂಕುಮ ಇಡುತ್ತಾರೆ, ನನ್ನ ಪ್ರಮಾಣಪತ್ರಕ್ಕೆ ಸಿಗದ ಹೂವೂ ಅದಕ್ಕೆ ಸಿಗುತ್ತದೆ. ಆಮೇಲೆ ನನ್ನ ಭಾಷಣ. ಈಗ ಎಚ್ಚರಿಕೆ ಕಲಿತಿದ್ದೇನೆ, ತೊಟ್ಟಿಯ ಕಡೆ ಮುಖ ಮಾಡಿಯೇ ಮಾತಾಡುತ್ತೇನೆ. ಕೇಳುವವರಿಗೆ ನನ್ನ ಬೆನ್ನು ಕಾಣುತ್ತದೆ. ಒಂದು ವರ್ಷ ಹನ್ನೊಂದೂ ಅಂಶ ಮುಗಿಸಿ ತಿರುಗಿದಾಗ ಜನರೆಲ್ಲ ಪ್ರಸಾದದ ಕಡೆ ಹೋಗಿ, ನಂಜುಂಡನೊಬ್ಬನೇ ನಿಂತಿದ್ದ. ಅಷ್ಟು ಶ್ರದ್ಧೆಯಿಂದ ಕೇಳಿದನಲ್ಲ ಎಂದು ನನಗೆ ಕಣ್ಣು ತುಂಬಿ ಬಂತು.

"ನಾನೂ ಓಗ್ತಿದ್ದೆ ಸಾ" ಎಂದ ಅವನು, "ಬೀಗದ ಕೈ ನನ್ನತ್ರ ಅದಲ್ಲ, ನಿಮ್ಮನ್ನ ಒಬ್ರನ್ನೇ ತೊಟ್ಟಿ ಹತ್ರ ಬುಟ್ಟು ಓಗದೆಂಗೆ ಅಂತ ನಿಂತ್ಕಂಡೆ."