ಹಾನಗಲ್ಲಿನ ಸಮುದ್ರದಂಡೆ

ನಮ್ಮ ಕಾಕಾ ಒಂದು ಹೆಣವನ್ನು ಮಹಾಯುದ್ಧ ಮುಗಿದರೂ ಮಣ್ಣು ಮಾಡಗೊಡಲಿಲ್ಲ. ಗಾಬರಿಯಾಗಬೇಡಿ! ಹೆಣ ಇದ್ದದ್ದು ಒಂದು ಪತ್ತೇದಾರಿ ಕಾದಂಬರಿಯಲ್ಲಿ. ಆದರೆ ಆ ಹೆಣದ ದೆಸೆಯಿಂದ ಹಾನಗಲ್ಲಿನಲ್ಲಿ ಎಷ್ಟು ಮಂದಿಯ ಅಂಗಿ ಕೆಟ್ಟವು, ಎಷ್ಟು ಮದುಮಕ್ಕಳು ಹಳೆಯ ಕೋಟಿನಲ್ಲೇ ಅಕ್ಷತೆ ಹಾಕಿಸಿಕೊಂಡರು ಎಂದು ಕೇಳಿದರೆ ನೀವೂ ಅದಕ್ಕೆ ಶಾಪ ಹಾಕುತ್ತೀರಿ. ಕಾಕಾ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವನ ವಿಷಯ ಬರೆಯಲು ಕುಳಿತರೆ ಅಳುವಿಗಿಂತ ಮೊದಲು ನಗು ಬರುತ್ತದೆ. ನಕ್ಕ ಮೇಲೆ, ಯಾಕೆ ನಕ್ಕೆನೆಂದು ನನಗೇ ತಿಳಿಯುವುದಿಲ್ಲ.

ಕಾಕಾನದು ಹೊಲಿಗೆ ಅಂಗಡಿ. ಮನೆಯ ಪಡಸಾಲೆಯೇ ಅಂಗಡಿ. ಅವನು ಮಷೀನಿನ ಮುಂದೆ, ನಾನು ಪಕ್ಕದಲ್ಲಿ ಗುಂಡಿ ಹಚ್ಚುತ್ತ, ಕಾಜ ಮಾಡುತ್ತ. ನಡುಮನೆಯ ಬಾಗಿಲ ಮರೆಗೆ ಕಾಕಾನ ಹೆಂಡತಿ ಚಿಗವ್ವ, ಉಳಿದ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತ. ಕಾಕಾನ ಹತ್ತಿರ ಅಳತೆಯ ಟೇಪು ಇತ್ತು. ಅದನ್ನು ಕೊರಳಲ್ಲಿ ಹಾಕಿಕೊಳ್ಳುತ್ತಿದ್ದನೇ ಹೊರತು ಬಳಸುತ್ತಿರಲಿಲ್ಲ. ಗಿರಾಕಿ ಬಂದಾಗ ಸುಮ್ಮನಿದ್ದು, ಹೋಗುವಾಗ ಅವನ ಬೆನ್ನು ನೋಡಿ ಅಳತೆ ಹಿಡಿಯುತ್ತಿದ್ದ.

"ಬರುವಾಗ ಮನಶ್ಯಾ ಎದಿ ಉಬ್ಬಿಸಿಕೊಂಡು, ಹೊಟ್ಟಿ ಎಳಕೊಂಡು ಬರ್ತಾನ. ಹೋಗುವಾಗ ತನ್ನ ಖರೇ ಅಳತಿಗೆ ಬರ್ತಾನ" ಎನ್ನುತ್ತಿದ್ದ.

ಒಬ್ಬನೇ ಮಗ ದಂಡಿಗೆ ಸೇರಿ ಹೊರಟ ದಿನವೂ ಕಾಕಾ ಹಾಗೆಯೇ ಬಾಗಿಲಲ್ಲಿ ನಿಂತು ಅವನ ಬೆನ್ನು ನೋಡುತ್ತಿದ್ದ. ಅಳತೆ ಏನು ಬಂತೆಂದು ಮಾತ್ರ ಹೇಳಲಿಲ್ಲ.

ಆ ಮಗನೇ ಹುಬ್ಬಳ್ಳಿಯ ಸ್ಟೇಷನ್ನಿನಲ್ಲಿ ಈ ಪುಸ್ತಕ ಕೊಂಡು, ಶಿಗ್ಗಾಂವಿಯ ಒಬ್ಬ ಗಾಡಿಯವನ ಕೈಯಲ್ಲಿ ಕಳಿಸಿದ್ದು. "ನಾ ಹಡಗ ಹತ್ತಾಂವ ಅದೇನಿ. ಸಮುದ್ರದ ಊರು ಹೆಂಗಿರತೈತಿ ಅಂತ ಅವ್ವಗ ಓದಿ ಹೇಳ್ರಿ" ಎಂದು ಹೇಳಿ ಕಳಿಸಿದ್ದ. ಆಮೇಲೆ ಅವನ ಕಾಗದಗಳು ಕೆಲವು ದಿನ ಬಂದವು, ನಂತರ ನಿಂತವು. ಪುಸ್ತಕ ಮಾತ್ರ ಮನೆಯಲ್ಲಿ ಉಳಿಯಿತು.

ಕಥೆ ಹೀಗೆ. ಸಮುದ್ರದಂಡೆಯ ಒಂದು ಸಣ್ಣ ಊರು. ಒಂದು ಮುಂಜಾನೆ ಉಸುಕಿನ ಮೇಲೆ ಹೆಣವೊಂದು ಬಿದ್ದಿದೆ. ಯಾರೋ ಅದಕ್ಕೆ ಹಳೆಯ ಹಾಯಿಬಟ್ಟೆ ಹೊದಿಸಿದ್ದಾರೆ. ಊರಿನವರು ಒಬ್ಬೊಬ್ಬರೇ ಬಂದು ದೂರ ನಿಂತು ನೋಡಿ ಹೋಗುತ್ತಾರೆ; ಬಟ್ಟೆ ಸರಿಸುವ ಧೈರ್ಯ ಯಾರಿಗೂ ಇಲ್ಲ. ಯಾಕೆಂದರೆ ಪ್ರತಿ ಮನೆಯಲ್ಲೂ ಒಂದೊಂದು ಗುಟ್ಟು! ಅದೇ ಊರಿನಲ್ಲಿ ಒಬ್ಬ ಮುದುಕಿ, ಮೀನಿಗೆ ಹೋದ ಮಗನ ದೋಣಿ ಬರಲೆಂದು ದಿನಾ ಸಂಜೆ ದಂಡೆಯಲ್ಲಿ ದೀಪ ಹಿಡಿದು ನಿಲ್ಲುತ್ತಾಳೆ. ಹಾಗಾದರೆ ಆ ಬಟ್ಟೆಯ ಕೆಳಗೆ ಇರುವವನು ಯಾರು?

ಇದನ್ನು ಕಾಕಾ ದಿನಾ ಸಂಜೆ ಗಟ್ಟಿಯಾಗಿ ಓದುತ್ತಿದ್ದ. ಅಂಗಿ ಕೇಳಲು ಬಂದವರು ಕಥೆ ಕೇಳಲು ಕೂಡುತ್ತಿದ್ದರು. ಬರೆದವನೇ ನಿಧಾನ, ಓದುವವನು ಅವನಿಗಿಂತ ನಿಧಾನ. ಒಂದು ಇಡೀ ವಾರ ಆ ಊರಿನ ಫೌಜದಾರ ಜೋಡು ಮೆಟ್ಟಿಕೊಳ್ಳುವುದರಲ್ಲೇ ಕಳೆಯಿತು! ಅಡಿಕೆ ವ್ಯಾಪಾರದ ಸಾವಕಾರರಿಗೆ ತಾಳ್ಮೆ ಕಡಿಮೆ.

"ಎತ್ತೋ ಯಪ್ಪಾ ಆ ಬಟ್ಟಿ! ಮಳಿಗಾಲ ಬಂತು, ಹೆಣ ನಾರೂದಿಲ್ಲೇನು?"

"ಉಪ್ಪ ನೀರಿನ ಊರ್ರಿ ಅದು, ಸಾವಕಾರ್ರ. ನಿಮ್ಮ ಭರಣ್ಯಾಗಿನ ಮಾವಿನಕಾಯಿ ಕೆಟ್ಟಾವೇನು?"

ಸಾವಕಾರರು ಅಂದಿನಿಂದ ಉಪ್ಪಿನಕಾಯಿ ಮುಟ್ಟುವುದನ್ನೇ ಬಿಟ್ಟರೆಂದು ಅವರ ಮನೆಯವರು ನಮಗೆ ಹಿಡಿಶಾಪ ಹಾಕಿದರು.

ಶಾಲೆಯ ಮಾಸ್ತರರ ಅಂಗಿಗೆ ಮೂರು ತೋಳು ಬಂದದ್ದೂ ಆಗಲೇ. ಹೊಲಿಯುವಾಗ ಕಾಕಾನ ತಲೆಯಲ್ಲಿ ಹೆಣ ಇತ್ತಲ್ಲ! ಮಾಸ್ತರರು ಅಂಗಿಯನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು.

"ಇದೇನೋ, ಮೂರನೇ ಕೈ ಎಲ್ಲಿಂದ ತರಲಿ?"

"ಅರಿವಿ-ಬಟ್ಟಿ ಸಿಗದ ಕಾಲದಾಗ ಒಂದು ತೋಳು ಲಾಭ ಅಂತ ತಿಳೀರಿ, ಮಾಸ್ತರ."

ಈ ಗದ್ದಲದ ನಡುವೆ ಚಿಗವ್ವ ಬಾಗಿಲ ಮರೆಯಿಂದ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಹೆಣ ಯಾರದು, ಗುಟ್ಟು ಏನು, ಯಾವುದೂ ಅವಳಿಗೆ ಬೇಡ.

"ಏನ್ರಿ, ಆ ಹುಡುಗನ ದೋಣಿ ಬಂತೇನ್ರಿ?"

"ಇವತ್ತ ಗಾಳಿ ಇಲ್ಲ. ನಾಳೆ ಬರಬಹುದು" ಎನ್ನುತ್ತಿದ್ದ ಕಾಕಾ. ಚಿಗವ್ವನ ಸೂಜಿ ಮತ್ತೆ ನಡೆಯುತ್ತಿತ್ತು.

ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಅಂಗಡಿಗೆ ಬಂದೆ. ಬೇರೆ ಯಾರೂ ಇರಲಿಲ್ಲ. ಕಾಕಾ ಒಬ್ಬನೇ ಕುಳಿತು ಪುಸ್ತಕದಲ್ಲಿ ಮುಂದೆ ಮುಂದೆ ಓದಿಕೊಂಡಿದ್ದನೆಂದು ಕಾಣುತ್ತದೆ. ಈಗ ಅದನ್ನು ಮುಚ್ಚಿ ಮೇಲೆ ಎರಡೂ ಕೈ ಊರಿದ್ದ. ಕಣ್ಣು ಕೆಂಪಗಾಗಿದ್ದವು. ಬಾಗಿಲಲ್ಲಿ ಚಿಗವ್ವ ನೀರಿನ ತಂಬಿಗೆ ಹಿಡಿದು ನಿಂತಿದ್ದಳು.

"ಏನಾತು ಕಾಕಾ?"

"ಸೂಜಿ ಚುಚ್ಚಿತು."

"ಎಲ್ಲಿ?"

ಅವನು ಎಡಗೈ ನೋಡಿಕೊಂಡ, ಬಲಗೈ ನೋಡಿಕೊಂಡ. ಎಲ್ಲೂ ಸಿಗಲಿಲ್ಲ. "ಎಲ್ಲೋ ಚುಚ್ಚೈತಿ" ಎಂದ.

ಅಲ್ಲಿಂದ ಮುಂದೆ ಕಥೆಗೆ ಏನಾಯಿತೋ ದೇವರಿಗೇ ಗೊತ್ತು! ಸಮುದ್ರದ ಊರಿನಲ್ಲಿ ಇದ್ದಕ್ಕಿದ್ದಂತೆ ಭತ್ತದ ಸಂತೆ ಕೂಡಿತು. ತಿಳವಳ್ಳಿಯ ಕಡೆಯವನೊಬ್ಬ ಅಲ್ಲಿಗೆ ಎತ್ತು ಮಾರಲು ಬಂದ. ಸಮುದ್ರದ ಆಚೆಯ ದಂಡೆಯಲ್ಲಿ ನಮ್ಮೂರ ಆನೆಕೆರೆಯಲ್ಲಿದ್ದ ಹಾಗೆ ಎಮ್ಮೆಗಳು ಕಂಡವು. ದೀಪ ಹಿಡಿದ ಮುದುಕಿ ಮಗನಿಗೆಂದು ಬುತ್ತಿಯಲ್ಲಿ ಜೋಳದ ರೊಟ್ಟಿ ಕಟ್ಟಿಕೊಂಡು ಬಂದಳು. ಮಾಸ್ತರರು ತಡೆದರು.

"ಅಲ್ಲೋ, ಅಲ್ಲಿ ಮಂದಿ ಅನ್ನ, ಮೀನ ಉಣ್ಣತಾರ. ರೊಟ್ಟಿ ಎಲ್ಲಿಂದ ಬಂತು?"

"ಆಕಿ ತವರುಮನಿ ಈ ಕಡೇದ್ರಿ, ಮಾಸ್ತರ."

"ಪುಸ್ತಕದಾಗ ಹಂಗ ಐತೇನು?"

"ಐತ್ರಿ. ಸಣ್ಣ ಅಕ್ಷರದಾಗ ಐತಿ. ನಿಮ್ಮ ಚಾಳೀಸಿಗೆ ಕಾಣೂದಿಲ್ಲ."

ಕೇಳುವವರಿಗೆ ತಲೆಬುಡ ಹತ್ತಲಿಲ್ಲ. ಹತ್ತದಿದ್ದರೂ ಯಾರೂ ಏಳಲಿಲ್ಲ. ಪುಸ್ತಕ ತಂದುಕೊಟ್ಟ ಶಿಗ್ಗಾಂವಿಯ ಗಾಡಿಯವನು ಕೇಳಿದಷ್ಟನ್ನು ಹೊತ್ತುಕೊಂಡು ಊರೂರಿಗೆ ಹಂಚಿದ. ಸವಣೂರಿನ ಎಲೆ ಪೇಟೆಯಲ್ಲಿ ಅದು ಯಾವನೋ ಎಲೆ ವ್ಯಾಪಾರಿಯ ಹೆಣವಾಯಿತು. ಹಿರೇಕೆರೂರು ಮುಟ್ಟುವಷ್ಟರಲ್ಲಿ ಸಮುದ್ರ ಬಿಟ್ಟುಹೋಗಿ, "ಹಾನಗಲ್ಲಿನಾಗ ಒಂದು ಹೆಣ ಐತಂತ, ಯಾರೂ ಮಾರಿ ನೋಡವಲ್ಲರಂತ" ಎಂಬಷ್ಟೇ ಉಳಿಯಿತು. ಸುದ್ದಿ ತಿರುಗಿ ಬಂದು ನಮ್ಮೂರಿನ ಹವಾಲ್ದಾರನ ಕಿವಿಗೇ ಬಿತ್ತು! ಆತ ಹೊಸಬ. ಸೀದಾ ಅಂಗಡಿಗೆ ಬಂದ.

"ಹೆಣ ಎಲ್ಲೈತಿ?"

ಕಾಕಾ ಇವನೂ ಕಥೆ ಕೇಳಲು ಬಂದವನೆಂದು ತಿಳಿದ. "ಉಸುಕಿನ ಮ್ಯಾಲೆ ಐತ್ರಿ."

"ಎಂದಿನಿಂದ?"

"ಯುಗಾದಿಯಿಂದ ಬಿದ್ದೈತ್ರಿ."

"ಕಚೇರಿಗೆ ಯಾಕ ತಿಳಿಸಲಿಲ್ಲ?"

"ನೀವು ಬರ್ತೀರಿ ಅಂತ ಗೊತ್ತಿರಲಿಲ್ರಿ. ಕುಂದರ್ರಿ, ಮೊದಲಿಂದ ಓದತೇನಿ."

ವಿಷಯ ಬಿಡಿಸಿ ಹೇಳುವಷ್ಟರಲ್ಲಿ ಸಾವಕಾರರಿಗೆ ನಕ್ಕು ನಕ್ಕು ಕೆಮ್ಮು ಹತ್ತಿತು. ಹವಾಲ್ದಾರ ಸಿಟ್ಟಿನಿಂದ ಎದ್ದ, ಬಾಗಿಲವರೆಗೂ ಹೋದ, ಆಮೇಲೆ ತಿರುಗಿ ಬಂದು ಟೊಪ್ಪಿಗೆ ತೆಗೆದು ಕುಳಿತ. ಒಂದಿಷ್ಟು ಕೇಳಿದ ಮೇಲೆ ಕಾಕಾನಿಗೆ ಬೆರಳು ತೋರಿಸಿ ಗದರಿಸಿದ: "ಪಂಚರ ಸಾಕ್ಷಿ ಇಲ್ಲದಂಗ ಬಟ್ಟಿ ಎತ್ತೀರಿ, ಜ್ವಾಕಿ! ಕಾಯದೆ ಪ್ರಕಾರ ಪಂಚನಾಮೆ ಆಗಬೇಕು."

ಕಾಕಾನಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಿರಲಿಲ್ಲ! ಆ ಮಳೆಗಾಲವೆಲ್ಲ ಪಂಚರನ್ನು ಹುಡುಕುವುದರಲ್ಲೇ ಹೋಯಿತು. ಒಬ್ಬ ಪಂಚನಿಗೆ ಚಳಿಜ್ವರ, ಇನ್ನೊಬ್ಬನ ಮನೆಯಲ್ಲಿ ಬಾಣಂತಿ, ಮತ್ತೊಬ್ಬ ಮಗಳ ಊರಿಗೆ ಹೋದವನು ಬರಲೇ ಇಲ್ಲ. ಹೆಣ ಹಾಗೆಯೇ ಬಿದ್ದಿತ್ತು, ಬಟ್ಟೆ ಹೊದ್ದುಕೊಂಡು, ನಿಶ್ಚಿಂತೆಯಿಂದ.

ಆದರೆ ಹಿರೇಕೆರೂರ ಕಡೆಯ ಒಬ್ಬ ರೈತ ಬಂದ ದಿನ ಯಾರೂ ನಗಲಿಲ್ಲ. ಅವನ ತಮ್ಮ ಮನೆ ಬಿಟ್ಟು ಹೋಗಿ ಬಹಳ ದಿನವಾಗಿತ್ತು. ಹೆಣದ ಸುದ್ದಿ ಕೇಳಿ ನಡೆದುಕೊಂಡು ಬಂದಿದ್ದ. ಕಟ್ಟೆಯ ಕೆಳಗೆ ನಿಂತು, ಮೇಲೆ ಬರದೆ ಕೇಳಿದ.

"ಒಮ್ಮೆ ಮಾರಿ ತೋರಸ್ರಿ. ನಮ್ಮವನೋ ಅಲ್ಲೋ ನೋಡಿ ಹೋಗತೇನಿ."

ಮಾಸ್ತರರು "ಅದು ಬರೀ ಕಥಿ" ಎಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕಾಕಾ ಮಷೀನು ಬಿಟ್ಟು ಎದ್ದು, ಕೆಳಗಿಳಿದು ಅವನ ಹೆಗಲ ಮೇಲೆ ಕೈ ಇಟ್ಟ.

"ನಿಮ್ಮ ತಮ್ಮ ಅಲ್ರಿ ಅಂವ. ನಾ ನೋಡೇನಿ."

ರೈತ ಅಲ್ಲೇ ಕುಸಿದು ಕುಳಿತು ಅತ್ತ. ಚಿಗವ್ವ ಅವನಿಗೆ ಊಟಕ್ಕೆ ಬಡಿಸಿದಳು. ಕಾಕಾ ಗಿರಾಕಿಯೊಬ್ಬರ ಹೊಸ ಅಂಗಿಯನ್ನೇ ಅವನಿಗೆ ತೊಡಿಸಿ ಕಳಿಸಿದ. ಅವನು ಮರೆಯಾದ ಮೇಲೆ ಸಾವಕಾರರು ಮೆಲ್ಲಗೆ ಹಿಡಿದರು.

"ಹಂಗಾರ ನೀ ಬಟ್ಟಿ ಸರಿಸಿ ನೋಡೀದಿ! ಯಾರೋ ಅಂವ?"

ಕಾಕಾ ತಡಬಡಿಸಿದ. ಬಾಗಿಲ ಕಡೆ ನೋಡಿದ. ಒಳಗೆ ಚಿಗವ್ವನ ಬಳೆಯ ಸದ್ದು ನಿಂತಿತ್ತು.

"ಕಾಲಷ್ಟ ನೋಡೇನ್ರಿ" ಎಂದ.

ಯುದ್ಧ ಮುಗಿಯಿತು. ದಂಡಿನಿಂದ ಮರಳಿದವರು ಶಿಗ್ಗಾಂವಿಯಲ್ಲಿ ಮೋಟಾರು ಇಳಿದರೆಂದು ಸುದ್ದಿ ಬಂದಾಗಲೆಲ್ಲ ಕಾಕಾ ಹೋಗಿ ನಿಂತು ಬರುತ್ತಿದ್ದ. ಮರುದಿನ ಕಥೆಯಲ್ಲಿ ಬಿರುಗಾಳಿ ಎದ್ದಿರುತ್ತಿತ್ತು, ದೋಣಿಗಳು ದಂಡೆಗೆ ಬರುವಂತಿರಲಿಲ್ಲ. ಮಗ ಬರಲಿಲ್ಲ. ಇಲ್ಲವೆಂಬ ಸುದ್ದಿಯೂ ಬರಲಿಲ್ಲ. ಕೇಳುವವರು ಒಬ್ಬೊಬ್ಬರೇ ಕಡಿಮೆಯಾದರು. ಕೊನೆಗೆ ಕಾಕಾ ಓದುವುದು, ಚಿಗವ್ವ ಕೇಳುವುದು, ನಾನು ಕಾಜ ಮಾಡುವುದು, ಇಷ್ಟೇ ಉಳಿಯಿತು. ಆಮೇಲೆ ಒಂದು ದಿನ, ಹೊಲಿಯುತ್ತ ಕುಳಿತವನು ಹಾಗೆಯೇ ಮಷೀನಿನ ಮೇಲೆ ತಲೆಯಿಟ್ಟ. ಅಂಗಿ ಅರ್ಧಕ್ಕೆ ನಿಂತಿತು. ಕೈ ಹಾಕುವ ಮನಸ್ಸಾಗದೆ ನಾನು ಅದನ್ನು ಹಾಗೆಯೇ ಮಡಿಚಿಟ್ಟಿದ್ದೇನೆ.

ಕರ್ಮಾದಿಗಳೆಲ್ಲ ಮುಗಿದು ಮನೆ ಬರಿದಾದ ಮೇಲೆ ಚಿಗವ್ವ ಪುಸ್ತಕ ತಂದು ನನ್ನ ಮುಂದಿಟ್ಟಳು.

"ಸಂಜಿ ಆತು, ತಮ್ಮಾ. ಇನ್ನ ನೀ ಓದು."

ಅಷ್ಟು ವರ್ಷ ಪಕ್ಕದಲ್ಲಿ ಕುಳಿತಿದ್ದರೂ ನಾನು ಆ ಪುಸ್ತಕವನ್ನು ಕೈಯಲ್ಲಿ ಹಿಡಿದವನಲ್ಲ. ತೆರೆದು ನೋಡಿದರೆ, ಕೊನೆಯ ಹಾಳೆಗಳನ್ನೆಲ್ಲ ಒಟ್ಟುಗೂಡಿಸಿ ಯಾರೋ ಕೆಂಪು ದಾರದಿಂದ ಹೊಲಿದುಬಿಟ್ಟಿದ್ದರು! ಹಾಗಾದರೆ ಎಮ್ಮೆ, ಭತ್ತದ ಸಂತೆ, ಪಂಚರ ಚಳಿಜ್ವರ, ಎಲ್ಲವೂ ಕಾಕಾನದೇ. ಯಾಕೆಂದು ಊಹಿಸಲು ನನಗೂ ತಡವಾಗಲಿಲ್ಲ.

"ಕಾಕಾ ಹೊಲದಿಟ್ಟಾನ, ಚಿಗವ್ವ. ಹೆಣ ಯಾರದು ಅಂತ ನಿನಗ ಗೊತ್ತಾಗಬಾರದು ಅಂತ."

ಅವಳು ಪುಸ್ತಕ ಇಸಿದುಕೊಂಡು ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಅವರ ಹೊಲಿಗಿ ಹಿಂಗಿರತೈತೇನೋ, ಹುಚ್ಚಾ? ಇಷ್ಟ ವರ್ಷ ಕಾಜಾ ಮಾಡಿ ನಿನಗ ಇಷ್ಟೂ ತಿಳೀಲಿಲ್ಲ. ಕೌದಿ ಹೊಲಿಗಿ ಇದು. ನಂದು."

ನಾನು ಬಗ್ಗಿ ಆ ಕೆಂಪು ಹೊಲಿಗೆಯನ್ನು ಹತ್ತಿರದಿಂದ ನೋಡಿದೆ.

"ನನಗ ಓದಾಕ ಬರೂದಿಲ್ಲ. ಆವತ್ತ ಅವರ ಮಾರಿ ನೋಡಿದೆ. ಸೂಜಿ ಚುಚ್ಚಿತು ಅಂದ್ರಲ್ಲ. ಮತ್ತೊಮ್ಮೆ ಚುಚ್ಚಬಾರದು ಅಂತ, ಅವರು ಸಂತಿಗಿ ಹೋದಾಗ ಹೊಲದುಬಿಟ್ಟೆ. ಬಂದು ತೆಗದು ನೋಡಿದ್ರು. ಏನೂ ಅನ್ನಲಿಲ್ಲ. ಸಂಜಿಗೆ ಹಂಗ ಓದಾಕ ಕುಂತ್ರು."

ಯಾರು ಯಾರಿಂದ ಏನು ಮುಚ್ಚಿಟ್ಟರು? ನನಗೆ ಇಂದಿಗೂ ಬಿಡಿಸಲು ಬಂದಿಲ್ಲ. ಕತ್ತರಿ ಪಕ್ಕದಲ್ಲೇ ಇತ್ತು. ಒಂದು ದಾರ ಕತ್ತರಿಸಿದರೆ ಹೆಣದ ಮೇಲಿನ ಬಟ್ಟೆ ಸರಿಯುತ್ತಿತ್ತು. ಚಿಗವ್ವ ಕೌದಿ ತೊಡೆಯ ಮೇಲೆ ಎಳೆದುಕೊಂಡು ಸೂಜಿಗೆ ದಾರ ಪೋಣಿಸಿದಳು.

"ಆ ಹುಡುಗನ ದೋಣಿ ಬಂತೇನೋ?"

ಹೊಲಿದ ಹಾಳೆಗಳನ್ನು ಹಾಗೆಯೇ ಮುಂದೆ ಹಿಡಿದುಕೊಂಡು ನಾನು ಓದಿದೆ: "ಅಂದು ಬಿರುಗಾಳಿ ಇಳಿದಿತ್ತು. ದೂರದಲ್ಲಿ ಒಂದು ಹಾಯಿ ಕಂಡಂತಾಯಿತು. ಯಾರದೆಂದು ತಿಳಿಯಲಿಲ್ಲ. ಮುದುಕಿ ದೀಪದ ಬತ್ತಿ ಸರಿಮಾಡಿ, ರೊಟ್ಟಿಯ ಬುತ್ತಿ ಬಿಚ್ಚಿದಳು..."

"ರೊಟ್ಟಿ ಸಂಗಾಟ ಏನ ಕಟ್ಟಿದ್ಲು?"

ನಾನು ಹಾಳೆಯ ಮೇಲೆ ಬೆರಳಿಟ್ಟು ಹುಡುಕಿದಂತೆ ಮಾಡಿದೆ. "ಶೇಂಗಾ ಚಟ್ನಿ."

"ಹೂಂ" ಎಂದಳು ಚಿಗವ್ವ. "ಅವಗ ಅದು ಸೇರತೈತಿ. ಮುಂದ ಓದು."